ಗೇಟ್‌ವೇ ಟಿಪ್ಪಣಿ: ಈ ಹಂತದಲ್ಲಿ ಪ್ಯಾಕೆಟ್ ಮೇಲೆ ಯಾವ ವಿಳಾಸ ಇದೆ?

ಲಿನಕ್ಸ್ ಗೇಟ್‌ವೇ (ಒಳಜಾಲವನ್ನು ಇಂಟರ್ನೆಟ್ಟಿಗೆ ಜೋಡಿಸುವ ಪೆಟ್ಟಿಗೆ) ಮೇಲೆ ಫೈರ್‌ವಾಲ್ ನಿಯಮ ಬರೆಯುವುದು ಅಷ್ಟು ಕಷ್ಟವಲ್ಲ. ಬರೆದ ನಿಯಮ ಕೆಲಸ ಮಾಡದಿದ್ದಾಗ ಎಲ್ಲಿಂದ ಹುಡುಕಬೇಕು ಎನ್ನುವುದೇ ಕಷ್ಟ. ನನ್ನ ತಲೆಯಲ್ಲಿ ಇದು ಈಗಷ್ಟೇ ತಿಳಿಯಾಗುತ್ತಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಸಬ್‌ನೆಟ್, ಪೋರ್ಟ್, ಎಸ್‌ಎಸ್‌ಎಚ್ ನಿಮಗೆ ಗೊತ್ತೆಂದುಕೊಂಡೇ ಮುಂದೆ ಹೋಗುತ್ತೇನೆ.

ಉದಾಹರಣೆಗೆ ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಒಂದು ದಾಲ್ ಮಿಲ್ ಇದೆ ಅಂದುಕೊಳ್ಳಿ. ಆಫೀಸಿನಲ್ಲಿ ಹಳೆಯ ಪಿಸಿಗೆ ಡೆಬಿಯನ್ ಹಾಕಿ, ಎರಡು ನೆಟ್‌ವರ್ಕ್ ಕಾರ್ಡ್ ಕೊಟ್ಟು ಗೇಟ್‌ವೇ ಮಾಡಿದ್ದಾರೆ. ಒಳಗಿನ ಜಾಲ 192.168.10.0/24, ಗೇಟ್‌ವೇ 192.168.10.1. ತೊಗರಿ ಚೀಲಗಳ ಗೋದಾಮು ಕಾಯುವ ಕ್ಯಾಮೆರಾಗಳ ಡಿವಿಆರ್ (ದೃಶ್ಯ ದಾಖಲಿಸುವ ಯಂತ್ರ) 192.168.10.20ರಲ್ಲಿ ಇದೆ, ಅದರ ವೆಬ್ ಪುಟ ಪೋರ್ಟ್ 80ರಲ್ಲಿ. ಹೊರಗಿನ ಸ್ಥಿರ ವಿಳಾಸ 203.0.113.7 ಎನ್ನೋಣ, ಉದಾಹರಣೆ ಬರೆಯಲಿಕ್ಕೆಂದೇ ಮೀಸಲಿಟ್ಟ ಸಾಲು ಅದು, ಯಾರದೂ ಅಲ್ಲ. ಹೊರಗಿನಿಂದ 8080ಕ್ಕೆ ಬಂದದ್ದನ್ನು ಡಿವಿಆರ್‌ನ 80ಕ್ಕೆ ಕಳಿಸಬೇಕು. ನಿಜವಾದ ಮಿಲ್ಲಿಗಾದರೆ ಡಿವಿಆರ್ ಅನ್ನು ಹೀಗೆ ಇಂಟರ್ನೆಟ್ಟಿಗೆ ತೆರೆದಿಡಬೇಡಿ, ವೈರ್‌ಗಾರ್ಡ್ ವಿಪಿಎನ್ ಹಾಕಿಕೊಡಿ. ಕಲಿಯಲಿಕ್ಕೆ ಮಾತ್ರ ಇದರಷ್ಟು ಒಳ್ಳೆಯ ಲೆಕ್ಕ ಸಿಗುವುದಿಲ್ಲ.

ಬೇಗ ಮುಗಿಸುವ ತಪಾಸಣೆ

ಗೇಟ್‌ವೇಯಿಂದಲೇ ಇಂಟರ್ನೆಟ್ ಬರುತ್ತದೆ, ಒಳಗಿನ ಪಿಸಿಗೆ ಬರುವುದಿಲ್ಲ ಎಂದಾದರೆ ಮೊದಲು ಕರ್ನಲ್‌ನ ಐಪಿ ಫಾರ್ವರ್ಡ್ ಮೌಲ್ಯ 1 ಇದೆಯೇ ನೋಡಿ. 0 ಇದ್ದರೆ ಉಳಿದ ಯಾವ ನಿಯಮಕ್ಕೂ ಅರ್ಥವಿಲ್ಲ. ಆಮೇಲೆ ಪಿಸಿಯಿಂದ ಗೂಗಲ್‌ನ 8.8.8.8ಕ್ಕೆ ಪಿಂಗ್ ಮಾಡಿ. ಅದು ಹೋಗಿ ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಕಡೆ ನೋಡಿ, ಫೈರ್‌ವಾಲ್ ತಡಕಾಡಬೇಡಿ.

ಫೈರ್‌ವಾಲ್ ನಿಯಮ ಹಾಕುವ ಆಜ್ಞೆ ಐಪಿಟೇಬಲ್ಸ್. ಅದರ ಪಟ್ಟಿಯನ್ನು ಸುಮ್ಮನೆ ಕೇಳಿದರೆ ಫಿಲ್ಟರ್ ಟೇಬಲ್ ಮಾತ್ರ ತೋರಿಸುತ್ತದೆ. ನ್ಯಾಟ್ (ಪ್ಯಾಕೆಟ್‌ನ ವಿಳಾಸ ಬದಲಿಸುವ) ನಿಯಮ ನೋಡಬೇಕಾದರೆ "-ಟಿ ನ್ಯಾಟ್" ಸೇರಿಸಲೇಬೇಕು, ಇಲ್ಲವೇ ಐಪಿಟೇಬಲ್ಸ್-ಸೇವ್ ಓಡಿಸಿ ಎಲ್ಲವನ್ನೂ ಒಟ್ಟಿಗೆ ಓದಬೇಕು. ನನಗೆ ಎರಡನೆಯದೇ ಇಷ್ಟ. ನಿಯಮಗಳು ಬರೆದ ಕ್ರಮದಲ್ಲೇ ಕಾಣುತ್ತವೆ, ಮೊದಲು ಹೊಂದಿದ ನಿಯಮವೇ ತೀರ್ಮಾನ ಮಾಡುವುದರಿಂದ ಕ್ರಮ ಕಣ್ಣಿಗೆ ಬೀಳುವುದು ಮುಖ್ಯ.

ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬ್ರಾಡ್‌ಬ್ಯಾಂಡ್) ಸಂಪರ್ಕವಿದ್ದರೆ ಹೊರಗಿನ ಇಂಟರ್‌ಫೇಸ್ ಪಿಪಿಪಿ0, ಕೇಬಲ್ ಸಿಕ್ಕಿಸಿದ ಇಟಿಎಚ್0 ಅಲ್ಲ. ಒಳಗಿನವರ ವಿಳಾಸದ ಬದಲು ಗೇಟ್‌ವೇ ವಿಳಾಸ ಹಾಕುವ ಮಾಸ್ಕರೇಡ್ ನಿಯಮದಲ್ಲಿ ಇಟಿಎಚ್0 ಎಂದು ಬರೆದಿದ್ದರೆ ಅದು ಎಂದೂ ಹೊಂದುವುದಿಲ್ಲ, ಎರರ್ ಸಹ ಕೊಡುವುದಿಲ್ಲ.

ಇನ್ನೊಂದು: 2019ರ ಡೆಬಿಯನ್ 10ರಿಂದ ಐಪಿಟೇಬಲ್ಸ್ ಆಜ್ಞೆಯ ಹಿಂದೆ ನಿಜವಾಗಿ ಓಡುವುದು ಎನ್‌ಎಫ್‌ಟೇಬಲ್ಸ್ ಎಂಬ ಹೊಸ ವ್ಯವಸ್ಥೆ. ಹಳೆಯ ಲೆಗಸಿ ಆಜ್ಞೆಯಿಂದ ಹಾಕಿದ ನಿಯಮ ಹೊಸ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಪ್ಯಾಕೆಟ್ ಎರಡನ್ನೂ ದಾಟಬೇಕು. "ನಿಯಮವೇ ಇಲ್ಲ, ಆದರೂ ತಡೆಯುತ್ತಿದೆ" ಎನಿಸಿದರೆ ಎರಡೂ ಕಡೆ ನೋಡಿ. ಅದೇ ಪೆಟ್ಟಿಗೆಯಲ್ಲಿ ಡಾಕರ್ (ಕಂಟೇನರ್ ತಂತ್ರಾಂಶ) ಹಾಕಿದ್ದರೆ ಅದು ಫಾರ್ವರ್ಡ್ ಚೈನಿನ (ನಿಯಮಗಳ ಸರಣಿಯ) ಪಾಲಿಸಿಯನ್ನು "ಡ್ರಾಪ್" (ಬಿಸಾಡು) ಎಂದು ಬದಲಿಸಿರಬಹುದು, ಅದನ್ನೂ ನೋಡಿ.

ಎಲ್ಲಕ್ಕಿಂತ ಹೆಚ್ಚು ತೊಡಕಾದದ್ದು: ಯಾವ ಚೈನಿಗೆ ಯಾವ ವಿಳಾಸ ಕಾಣುತ್ತದೆ

ಗೇಟ್‌ವೇ ದಾಟಿ ಹೋಗುವ ಪ್ಯಾಕೆಟ್‌ನ ದಾರಿ ಇಷ್ಟೇ: ಪ್ರೀರೂಟಿಂಗ್, ಆಮೇಲೆ ರೂಟಿಂಗ್ ತೀರ್ಮಾನ, ಆಮೇಲೆ ಫಾರ್ವರ್ಡ್, ಕೊನೆಗೆ ಪೋಸ್ಟ್‌ರೂಟಿಂಗ್. ಇನ್‌ಪುಟ್ ಚೈನ್ ಗೇಟ್‌ವೇಗೇ ಬಂದ ಪ್ಯಾಕೆಟ್‌ಗಳಿಗೆ, ಔಟ್‌ಪುಟ್ ಗೇಟ್‌ವೇ ತಾನೇ ಕಳಿಸಿದವುಗಳಿಗೆ. ಮುಟ್ಟುವ (ಪ್ಯಾಕೆಟ್ ತಲುಪಬೇಕಾದ) ವಿಳಾಸ ಬದಲಿಸುವ ಡಿನ್ಯಾಟ್ ಆಗುವುದು ಪ್ರೀರೂಟಿಂಗ್‌ನಲ್ಲಿ. ಕಳಿಸಿದವರ ವಿಳಾಸ ಬದಲಿಸುವ ಎಸ್‌ನ್ಯಾಟ್, ಮಾಸ್ಕರೇಡ್ ಆಗುವುದು ಪೋಸ್ಟ್‌ರೂಟಿಂಗ್‌ನಲ್ಲಿ.

ಈ ಕ್ರಮ ಎಲ್ಲರಿಗೂ ಬಾಯಿಪಾಠ. ಆದರೆ ಅದರಿಂದ ಹೊರಡುವ ಮಾತನ್ನು ನಿಧಾನವಾಗಿ ಓದಿ: ಫಾರ್ವರ್ಡ್ ಚೈನಿಗೆ ಪ್ಯಾಕೆಟ್ ಬರುವಷ್ಟರಲ್ಲಿ ಮುಟ್ಟುವ ವಿಳಾಸ ಬದಲಾಗಿರುತ್ತದೆ, ಕಳಿಸಿದವರ ವಿಳಾಸ ಇನ್ನೂ ಬದಲಾಗಿರುವುದಿಲ್ಲ.

ಅಂದರೆ ಫಾರ್ವರ್ಡ್‌ನಲ್ಲಿ 203.0.113.7ಕ್ಕೆ, 8080ಕ್ಕೆ ಅನುಮತಿ ಎಂದು ಬರೆದರೆ ಅದು ಯಾವತ್ತೂ ಹೊಂದುವುದಿಲ್ಲ. ಅಲ್ಲಿ ಪ್ಯಾಕೆಟ್ ಮೇಲೆ ಇರುವುದು 192.168.10.20, ಪೋರ್ಟ್ 80. ಎಪಿಎಂಸಿ ಗೇಟಿನಲ್ಲೇ ಚೀಲದ ಚೀಟಿ ಬದಲಿಸಿದ ಮೇಲೆ ಒಳಗಿನ ಕಾಟಾದವನು ಹೊಸ ಚೀಟಿಯನ್ನಷ್ಟೇ ಓದುತ್ತಾನೆ, ಹಾಗೆ. ಇನ್‌ಪುಟ್ ಚೈನಿನಲ್ಲಿ 8080 ತೆರೆಯುವುದೂ ವ್ಯರ್ಥ, ಏಕೆಂದರೆ ಡಿನ್ಯಾಟ್ ಆದ ಪ್ಯಾಕೆಟ್ ಇನ್‌ಪುಟ್ ಕಡೆ ಹೋಗುವುದೇ ಇಲ್ಲ.

ಆದ್ದರಿಂದ ನಾನು ನಿಯಮ ಬರೆಯುವ ಮೊದಲು ಕಾಗದದ ಮೇಲೆ ಒಂದು ಸಾಲು ಬರೆಯುತ್ತೇನೆ: ಪ್ರೀರೂಟಿಂಗ್‌ಗೆ ಮೊದಲು ಯಾರಿಂದ ಯಾರಿಗೆ, ಫಾರ್ವರ್ಡ್‌ನಲ್ಲಿ ಯಾರಿಂದ ಯಾರಿಗೆ, ಪೋಸ್ಟ್‌ರೂಟಿಂಗ್ ಆದ ಮೇಲೆ ಯಾರಿಂದ ಯಾರಿಗೆ. ಈ ಅಭ್ಯಾಸ ಬೆಳೆಸಿಕೊಂಡರೆ ಅರ್ಧ ಸಮಸ್ಯೆ ಕೀಬೋರ್ಡ್ ಮುಟ್ಟುವ ಮೊದಲೇ ಬಗೆಹರಿಯುತ್ತದೆ.

ಇದೇ ಸಾಲು ಮುಂದಿನ ದೂರಿಗೂ ಮದ್ದು. ಮಿಲ್ಲಿನ ಮುನೀಮರು ಹೇಳುವುದು ಹೀಗೆ: "ಹೊರಗ ಮೊಬೈಲ್‌ದಾಗ ಕ್ಯಾಮೆರಾ ಕಾಣ್ತದ್ರೀ, ಆಫೀಸ್‌ನಾಗ ಕುಂತ್ರ ಕಾಣಂಗಿಲ್ಲ ನೋಡ್ರಿ." ಇದಕ್ಕೆ ಹೇರ್‌ಪಿನ್ ನ್ಯಾಟ್ ಎನ್ನುತ್ತಾರೆ. ಆಫೀಸಿನ ಪಿಸಿ 192.168.10.35 ಎನ್ನಿ. ಅದು 203.0.113.7ರ 8080ಕ್ಕೆ ಹೋಗುತ್ತದೆ. ಪ್ಯಾಕೆಟ್ ಗೇಟ್‌ವೇಗೆ ಬರುವುದು ಒಳಗಿನ ಕಾರ್ಡಿನಿಂದ. ಡಿನ್ಯಾಟ್ ನಿಯಮದಲ್ಲಿ "ಹೊರಗಿನ ಕಾರ್ಡಿನಿಂದ ಬಂದರೆ" ಎಂಬ ಷರತ್ತಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಕಾರ್ಡಿನ ಹೆಸರಿನ ಬದಲು ಮುಟ್ಟುವ ವಿಳಾಸವನ್ನೇ ಷರತ್ತಾಗಿ ಹಾಕಬೇಕು.

ಅದನ್ನು ಸರಿಮಾಡಿದರೂ ಪುಟ ತೆರೆಯುವುದಿಲ್ಲ. ಯಾಕೆ? ಡಿನ್ಯಾಟ್ ಆದ ಮೇಲೆ ಪ್ಯಾಕೆಟ್ 192.168.10.35ರಿಂದ 192.168.10.20ಕ್ಕೆ. ಡಿವಿಆರ್ ನೋಡುತ್ತದೆ, ಕೇಳಿದವನು ತನ್ನದೇ ಸಬ್‌ನೆಟ್ಟಿನವನು. ಗೇಟ್‌ವೇಗೆ ಕೊಡದೆ ಸ್ವಿಚ್ ಮೂಲಕ ನೇರವಾಗಿ ಉತ್ತರ ಕಳಿಸುತ್ತದೆ. ಪಿಸಿ ಕಾಯುತ್ತಿರುವುದು 203.0.113.7ರ ಉತ್ತರಕ್ಕೆ, ಬಂದದ್ದು 192.168.10.20ರದು. ತಾನು ಕೇಳದವನ ಉತ್ತರ ಎಂದು ಪಿಸಿ ಅದನ್ನು ಒಪ್ಪುವುದಿಲ್ಲ. ವಿಳಾಸ ಹಿಂದಕ್ಕೆ ತಿರುಗಿಸಬೇಕಿದ್ದ ಗೇಟ್‌ವೇ ಆ ಉತ್ತರವನ್ನು ನೋಡಿಯೇ ಇಲ್ಲ.

ಪರಿಹಾರ: ಒಳಗಿನ ಜಾಲದಿಂದ ಡಿವಿಆರ್‌ಗೆ ಹೋಗುವುದಕ್ಕೆ ಪೋಸ್ಟ್‌ರೂಟಿಂಗ್‌ನಲ್ಲಿ ಮಾಸ್ಕರೇಡ್ ಹಾಕುವುದು. ಆಗ ಡಿವಿಆರ್‌ಗೆ ಕೇಳಿದವನು 192.168.10.1 ಎಂದು ಕಾಣುತ್ತದೆ, ಉತ್ತರ ಗೇಟ್‌ವೇಗೆ ಬರುತ್ತದೆ. ಈ ನಿಯಮದಲ್ಲಿ ಪೋರ್ಟ್ 8080 ಬರೆಯಬೇಕೋ 80 ಬರೆಯಬೇಕೋ? 80. ಪೋಸ್ಟ್‌ರೂಟಿಂಗ್ ಬರುವುದು ಡಿನ್ಯಾಟ್ ಆದ ಮೇಲೆ. ಫಾರ್ವರ್ಡ್‌ನಲ್ಲೂ ಒಳಗಿನ ಕಾರ್ಡಿನಿಂದ ಒಳಗಿನ ಕಾರ್ಡಿಗೇ ಹೋಗಲು ಅನುಮತಿ ಬೇಕು. ಇದಕ್ಕೆ ತೆರುವ ಬೆಲೆ ಒಂದೇ: ಡಿವಿಆರ್ ಲಾಗ್‌ನಲ್ಲಿ ಆಫೀಸಿನವರೆಲ್ಲ 192.168.10.1 ಆಗಿಬಿಡುತ್ತಾರೆ.

ನಿಯಮ ಬದಲಿಸಿದರೂ ಏನೂ ಬದಲಾಗದಿದ್ದರೆ

ನ್ಯಾಟ್ ಟೇಬಲ್ ಪ್ರತಿ ಪ್ಯಾಕೆಟ್‌ಗೂ ಓಡುವುದಿಲ್ಲ. ಒಂದು ಸಂಪರ್ಕದ ಮೊದಲ ಪ್ಯಾಕೆಟ್‌ಗೆ ಮಾತ್ರ ಓಡುತ್ತದೆ. ಅಲ್ಲಿ ಆದ ತೀರ್ಮಾನವನ್ನು ಕರ್ನಲ್‌ನ ಸಂಪರ್ಕ ದಾಖಲೆಯಾದ ಕಾನ್‌ಟ್ರ್ಯಾಕ್ ನೆನಪಿಟ್ಟುಕೊಂಡು ಆ ಸಂಪರ್ಕದ ಉಳಿದ ಪ್ಯಾಕೆಟ್‌ಗಳಿಗೆ ತಾನೇ ಅನ್ವಯಿಸುತ್ತದೆ. ಹೀಗಾಗಿ ಎರಡು ಸಂಗತಿ. ಒಂದು, ನ್ಯಾಟ್ ನಿಯಮದ ಕೌಂಟರ್ ಸಣ್ಣದಿದ್ದರೆ ಗಾಬರಿ ಬೇಡ, ಅದು ಸಂಪರ್ಕಗಳ ಎಣಿಕೆ. ಎರಡು, ಓಡುತ್ತಿರುವ ಸಂಪರ್ಕಕ್ಕೆ ಹೊಸ ನಿಯಮ ತಾಗುವುದೇ ಇಲ್ಲ.

ಪಕ್ಕದ ವಿಂಡೋದಲ್ಲಿ ಪಿಂಗ್ ಓಡುತ್ತಲೇ ಇಟ್ಟು ನ್ಯಾಟ್ ನಿಯಮ ತಿದ್ದುವುದು ನಮ್ಮಲ್ಲಿ ಎಲ್ಲರ ರೂಢಿ. ಆ ಪಿಂಗ್ ಹಳೆಯ ದಾಖಲೆಯನ್ನು ಜೀವಂತವಾಗಿಡುತ್ತದೆ, ನಿಯಮ ಸರಿಯಾಗಿದ್ದರೂ ಫಲ ಕಾಣುವುದಿಲ್ಲ. ಒಂದೇ ಪೋರ್ಟಿನಿಂದ ಮತ್ತೆ ಮತ್ತೆ ಮಾತಾಡುವ ಐಪಿ ಫೋನಿಗೂ ಇದೇ ಗತಿ. ಟಿಸಿಪಿಯಲ್ಲಿ ಸ್ಥಾಪಿತ ಸಂಪರ್ಕದ ದಾಖಲೆಗೆ ಕರ್ನಲ್ ಕೊಡುವ ಅವಧಿ 4,32,000 ಸೆಕೆಂಡ್, ಅಂದರೆ ಪೂರಾ 5 ದಿನ. ಕಾಯುವ ಬದಲು "ಕಾನ್‌ಟ್ರ್ಯಾಕ್ -ಡಿ" (ದೊಡ್ಡಕ್ಷರದ D) ಆಜ್ಞೆಯಿಂದ ಆ ವಿಳಾಸದ ದಾಖಲೆ ಅಳಿಸಿ, ಮತ್ತೆ ಪರೀಕ್ಷಿಸಿ.

"ಕಾನ್‌ಟ್ರ್ಯಾಕ್ -ಎಲ್" (ದೊಡ್ಡಕ್ಷರದ L) ಪಟ್ಟಿಯಲ್ಲಿ ಒಂದೊಂದು ಸಾಲಿನಲ್ಲೂ ಎರಡು ಜೋಡಿ ವಿಳಾಸ ಇರುತ್ತವೆ. ಮೊದಲ ಜೋಡಿ ಹೋಗುವಾಗಿನದು, ಎರಡನೆಯದು ಯಾವ ಉತ್ತರಕ್ಕೆ ಕಾಯುತ್ತಿದೆ ಎಂಬುದು. ಮೊದಲನೆಯದರಲ್ಲಿ ಮುಟ್ಟುವ ವಿಳಾಸ 203.0.113.7, ಎರಡನೆಯದರಲ್ಲಿ ಕಳಿಸುವವನು 192.168.10.20 ಇದ್ದರೆ ಡಿನ್ಯಾಟ್ ಆಗಿದೆ ಎಂದು ಖಚಿತ. ಎರಡೂ ಜೋಡಿ ಬರೀ ತಿರುಗಾಮುರುಗಾ ಇದ್ದರೆ ಯಾವ ನ್ಯಾಟೂ ಆಗಿಲ್ಲ.

ಟಿಸಿಪಿಡಂಪ್ ಎಲ್ಲಿ ಇಡಬೇಕು

ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಒಳಬರುವ ಪ್ಯಾಕೆಟ್ ಅನ್ನು ಪ್ರೀರೂಟಿಂಗ್‌ಗೂ ಮೊದಲು ನೋಡುತ್ತದೆ, ಹೊರಹೋಗುವುದನ್ನು ಪೋಸ್ಟ್‌ರೂಟಿಂಗ್ ಆದ ಮೇಲೆ. ಹಾಗಾಗಿ ಹೊರಗಿನ ಕಾರ್ಡಿನಲ್ಲಿ 8080 ಹುಡುಕಿ, ಒಳಗಿನ ಕಾರ್ಡಿನಲ್ಲಿ 80 ಹುಡುಕಿ. ಎರಡು ವಿಂಡೋ ತೆರೆದು ಹೊರಗಿನಿಂದ ಒಮ್ಮೆ ಪ್ರಯತ್ನಿಸಿ.

ಹೊರಗಿನ ಕಾರ್ಡಿಗೆ ಬಂದು ಒಳಗಿನದರಲ್ಲಿ ಕಾಣದಿದ್ದರೆ ಗೇಟ್‌ವೇ ನುಂಗಿದೆ: ಡಿನ್ಯಾಟ್, ಫಾರ್ವರ್ಡ್, ಇಲ್ಲವೇ ಎರಡು ಇಂಟರ್ನೆಟ್ ಲೈನ್ ಇರುವ ಕಡೆ ಆರ್‌ಪಿ ಫಿಲ್ಟರ್. ಆರ್‌ಪಿ ಫಿಲ್ಟರ್ 1 ಇದ್ದರೆ, ಪ್ಯಾಕೆಟ್ ಬಂದ ದಾರಿಯಲ್ಲೇ ಉತ್ತರವೂ ಹೋಗಬೇಕಾದ ರೂಟ್ ಇಲ್ಲದಾಗ ಕರ್ನಲ್ ಅದನ್ನು ಬಿಸಾಡುತ್ತದೆ. ಇದು ರೂಟಿಂಗ್ ಹಂತದಲ್ಲಿ ಆಗುವುದರಿಂದ ಫಾರ್ವರ್ಡ್ ಕೌಂಟರ್ ಅಲುಗುವುದಿಲ್ಲ. 2 ಮಾಡಿ ನೋಡಿ.

ಒಳಗಿನ ಕಾರ್ಡಿನಿಂದ ಹೊರಟು ಉತ್ತರ ಬರದಿದ್ದರೆ ಗೇಟ್‌ವೇ ತಪ್ಪಿಲ್ಲ. ಬಹುಪಾಲು ಡಿವಿಆರ್‌ನ ಡೀಫಾಲ್ಟ್ ಗೇಟ್‌ವೇ ಖಾಲಿ ಇರುತ್ತದೆ. ಆಫೀಸಿನೊಳಗೆ ನೇರ ವಿಳಾಸದಿಂದ ಎಲ್ಲ ಕೆಲಸ ಮಾಡುವುದರಿಂದ ಇದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಹೊರಗಿನ ಕಾರ್ಡಿನಲ್ಲೇ ಏನೂ ಕಾಣದಿದ್ದರೆ ನಿಯಮ ತಿದ್ದುವುದನ್ನು ನಿಲ್ಲಿಸಿ. ಪ್ಯಾಕೆಟ್ ನಿಮ್ಮ ತನಕ ಬಂದೇ ಇಲ್ಲ. ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಸೇವಾದಾತರು ಮೇಲೆ ಇನ್ನೊಂದು ನ್ಯಾಟ್ ಇಟ್ಟಿದ್ದಾರೆ. 2012ರ ಆರ್‌ಎಫ್‌ಸಿ 6598 ಈ ಸಾಲನ್ನು ಅದಕ್ಕೆಂದೇ ತೆಗೆದಿಟ್ಟಿದೆ. ಅಲ್ಲಿ ನಿಮ್ಮ ಡಿನ್ಯಾಟ್ ನಡೆಯದು, ಸ್ಥಿರ ಐಪಿ ಕೇಳಿ ಪಡೆಯಬೇಕು.

ಸಣ್ಣ ಪುಟ ತೆರೆಯುತ್ತದೆ, ದೊಡ್ಡದು ನೇತಾಡುತ್ತದೆ

ಪಿಂಗ್ ಸರಿ, ಎಸ್‌ಎಸ್‌ಎಚ್ ಲಾಗಿನ್ ಸರಿ, ಕೆಲವು ವೆಬ್‌ಸೈಟ್ ಮಾತ್ರ ತಿರುಗುತ್ತಲೇ ಇರುತ್ತವೆ. ಪಿಪಿಪಿಒಇ ಲೈನಿನಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಬೈಟ್ ಅಲ್ಲ, 1492. ದಾರಿಯಲ್ಲಿ ಯಾರೋ ಐಸಿಎಂಪಿ (ಪಿಂಗ್ ಮತ್ತು ದೋಷದ ಸುದ್ದಿ ಒಯ್ಯುವ ಪ್ಯಾಕೆಟ್) ತಡೆದಿದ್ದರೆ "ಪ್ಯಾಕೆಟ್ ದೊಡ್ಡದಾಯಿತು" ಎಂಬ ಸುದ್ದಿ ಸರ್ವರ್‌ಗೆ ತಲುಪುವುದಿಲ್ಲ. ಮ್ಯಾಂಗಲ್ ಟೇಬಲ್‌ನ ಫಾರ್ವರ್ಡ್‌ನಲ್ಲಿ ಸಿನ್ (ಸಂಪರ್ಕ ಶುರುಮಾಡುವ) ಪ್ಯಾಕೆಟ್‌ಗಳ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಕಳಿಸಬಹುದಾದ ದತ್ತಾಂಶದ ಮಿತಿ) ಅನ್ನು ಪಾಥ್ ಎಂಟಿಯುಗೆ ತಕ್ಕಂತೆ ಇಳಿಸುವ ಕ್ಲ್ಯಾಂಪ್ ನಿಯಮ ಹಾಕಿದರೆ ಸರಿಹೋಗುತ್ತದೆ. ಹಾಗೆಯೇ ನಿಮ್ಮ ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನು ಸಾರಾಸಗಟಾಗಿ ತಡೆಯಬೇಡಿ.

ಇದೆಲ್ಲವನ್ನೂ ದೂರದಿಂದ ಎಸ್‌ಎಸ್‌ಎಚ್ ಮೂಲಕ ಮಾಡುವಾಗ ಐಪಿಟೇಬಲ್ಸ್-ಅಪ್ಲೈ ಬಳಸಿ. ಹೊಸ ನಿಯಮ ಹಾಕಿ ಅದು ನಿಮ್ಮನ್ನು ಕೇಳುತ್ತದೆ. ಸಂಪರ್ಕ ಕಡಿದು ನೀವು ಉತ್ತರಿಸದೇ ಹೋದರೆ ಹಳೆಯ ನಿಯಮಗಳನ್ನು ತಾನೇ ವಾಪಸ್ ಹಾಕುತ್ತದೆ. ರಾತ್ರಿ ಸೇಡಂ ರಸ್ತೆಯ ಮನೆಯಿಂದ ಗಾಡಿ ತೆಗೆದು ಕಪನೂರಿಗೆ ಹೋಗುವುದು ತಪ್ಪುತ್ತದೆ. ಎಲ್ಲ ಸರಿ ಎನಿಸಿದ ಮೇಲೆ "ನೆಟ್‌ಫಿಲ್ಟರ್-ಪರ್ಸಿಸ್ಟೆಂಟ್ ಸೇವ್" ಮಾಡಿ, ಒಮ್ಮೆ ರೀಬೂಟ್ ಮಾಡಿ ಐಪಿ ಫಾರ್ವರ್ಡ್ ಇನ್ನೂ 1 ಇದೆಯೇ ನೋಡಿಕೊಳ್ಳಿ.