ಡೇರೆಯಿಂದ ಬಸ್ಸಿಗೆ: ಮಂಡ್ಯ ಸೀಮೆಯ ಕಣ್ಣಿನ ಶಿಬಿರ ಬದಲಾದ ಬಗೆ

ಶಿಬಿರದ ಭಾನುವಾರ ಬೆಳಗ್ಗೆ ಎಂಟಕ್ಕೆ ನಾವು ಸೇವಾ ಕ್ಲಬ್ಬಿನವರು ಶಾಲೆಯ ಜಗಲಿಯಲ್ಲಿ ಮೇಜು ಹಾಕುತ್ತೇವೆ. ಅಷ್ಟು ಹೊತ್ತಿಗೆ ಜನ ಬಂದು ಕೂತಿರುತ್ತಾರೆ. ದುದ್ದ, ಬಸರಾಳು, ಕೆರಗೋಡು ಕಡೆಯಿಂದ ಮೊದಲ ಬಸ್ಸಿಗೇ ಹತ್ತಿ ಬಂದವರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಶುಗರ್ ಮಾತ್ರೆ, ಎಲೆ ಅಡಿಕೆ ಚೀಲ.

ಹೆಸರು ಬರೆದುಕೊಳ್ಳುವುದು ನನ್ನ ಕೆಲಸ. "ಏನಾಗಿದೆ ಅವ್ವ?" ಅಂತ ಕೇಳಿದರೆ, "ಪೊರೆ ಬಂದದೆ ಕಣಪ್ಪ, ಎಲ್ಲಾ ಮಬ್ಬುಮಬ್ಬು" ಅನ್ನುತ್ತಾರೆ. ಇಷ್ಟು ದಿನ ಯಾಕೆ ಸುಮ್ನೆ ಇದ್ರಿ ಅಂದರೆ ಬರುವ ಉತ್ತರವೂ ಒಂದೇ. "ಹಣ್ಣಾಗ್ಲಿ ಅಂತ ಬುಟ್ಟಿದ್ದೆ."

ಪೊರೆ ಅಂದರೆ ಕಣ್ಣಿನ ಮೇಲೆ ಕಟ್ಟುವ ಪದರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕಣ್ಣಿನ ಪಾಪೆಯ ಹಿಂದೆ ಒಂದು ಪುಟ್ಟ ಮಸೂರ ಇರುತ್ತದೆ. ವಯಸ್ಸಾದಂತೆ ಅದರೊಳಗಿನ ಪ್ರೊಟೀನು ಕೆಟ್ಟು ಆ ಮಸೂರವೇ ಮಸುಕಾಗುತ್ತದೆ. ಯಾವ ಹನಿ ಔಷಧಿಗೂ ಅದು ಕರಗುವುದಿಲ್ಲ. ತೆಗೆಯಲೇಬೇಕು. ಹಿಂದೆ ಮಸೂರವನ್ನು ಇಡಿಯಾಗಿ ತೆಗೆದುಬಿಡುತ್ತಿದ್ದರು. ಆ ಜಾಗದಲ್ಲಿ ಏನನ್ನೂ ಕೂರಿಸುತ್ತಿರಲಿಲ್ಲ. ಆಮೇಲೆ ದಪ್ಪ ಕನ್ನಡಕವೇ ಗತಿ. ಅಷ್ಟೋ ಇಷ್ಟೋ ಕಾಣುತ್ತಿರುವ ಕಣ್ಣಿಗೆ ಆ ಪಾಡು ಯಾಕೆ ಅಂತ, ಪೂರ್ತಿ ಬಲಿಯುವ ತನಕ ಕಾಯಿರಿ ಎಂದು ವೈದ್ಯರೇ ಹೇಳುತ್ತಿದ್ದರು. ಆ ಆಪರೇಷನ್ ಹೋಗಿ ಎಷ್ಟೋ ವರ್ಷ ಆಯಿತು. ಮಾತು ಮಾತ್ರ ಊರಲ್ಲೇ ಉಳಿಯಿತು. ಈಗ ಕಾದರೆ ನಷ್ಟವೇ. ಮಸೂರ ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟ. ತೀರಾ ಬಲಿತರೆ ಕಣ್ಣೊಳಗಿನ ಒತ್ತಡ ಏರಿ, ನರ ಹಾಳಾಗಿ, ಆಪರೇಷನ್ ಮಾಡಿದರೂ ದೃಷ್ಟಿ ಬರದೆ ಹೋಗಬಹುದು.

ನಮ್ಮ ತಾತನಿಗೂ ಹೀಗೆ ಕಾಯಿಸಿಯೇ ಆಪರೇಷನ್ ಆಗಿತ್ತು. ನಾನಾಗ ಚಿಕ್ಕವನು. ಶಾಲೆಗೆ ರಜೆ ಕೊಟ್ಟು, ಬೆಂಚುಗಳನ್ನು ಹೊರಗಿಟ್ಟು, ಮೈದಾನದಲ್ಲಿ ಡೇರೆ ಹಾಕಿದ್ದರು. ಒಂದು ಕೋಣೆಯಲ್ಲಿ ಆಪರೇಷನ್. ಉಳಿದ ಕೋಣೆಗಳಲ್ಲಿ ಸಾಲಾಗಿ ಚಾಪೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲ್ಲಾಡದೆ ಮಲಗಿದ್ದ ಮುದುಕರು. ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್ಬಿನವರು ಗಂಜಿ ಕುಡಿಸುತ್ತಿದ್ದರು, ಕೈ ಹಿಡಿದು ಬಯಲಿಗೆ ಕರೆದುಕೊಂಡು ಹೋಗುತ್ತಿದ್ದರು, ರಾತ್ರಿ ಪಾಳಿಯ ಮೇಲೆ ಎದ್ದಿರುತ್ತಿದ್ದರು. ಊರಿನ ವಕೀಲರು, ಅಕ್ಕಿ ಗಿರಣಿಯವರು, ಬೆಲ್ಲದ ಮಂಡಿಯವರು ಬಗ್ಗಿ ಇನ್ನೊಬ್ಬರ ಕಾಲಿಗೆ ಚಪ್ಪಲಿ ತೊಡಿಸಿದ್ದನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ.

ಈ ಕ್ಲಬ್ಬುಗಳು ಕಣ್ಣಿನ ಕೆಲಸಕ್ಕೆ ಬಂದ ದಾರಿ ದೊಡ್ಡದು. 1905ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ರೋಟರಿ ಶುರು ಮಾಡಿದರು. ಒಂದು ಸಲ ಒಬ್ಬರ ಕಚೇರಿ, ಮುಂದಿನ ಸಲ ಇನ್ನೊಬ್ಬರ ಕಚೇರಿ, ಹೀಗೆ ಸರದಿಯ ಮೇಲೆ ಸೇರುತ್ತಿದ್ದರು. ಆ ಸರದಿಯಿಂದಲೇ ಹೆಸರು ಬಂತು. ಅವರು ಊರಿಗಾಗಿ ಕೈಗೆತ್ತಿಕೊಂಡ ಮೊದಮೊದಲ ಕೆಲಸಗಳಲ್ಲಿ ಸಾರ್ವಜನಿಕ ಶೌಚಾಲಯವೂ ಒಂದು. ಅದೇ ಶಿಕಾಗೋದಲ್ಲಿ 1917ರಲ್ಲಿ ಮೆಲ್ವಿನ್ ಜೋನ್ಸ್ ಲಯನ್ಸ್ ಕ್ಲಬ್ಬುಗಳನ್ನು ಒಟ್ಟುಗೂಡಿಸಿದರು. 1925ರಲ್ಲಿ ಲಯನ್ಸ್ ಸಮಾವೇಶಕ್ಕೆ ಹೆಲೆನ್ ಕೆಲರ್ ಬಂದರು. ಕಣ್ಣು, ಕಿವಿ ಎರಡೂ ಇಲ್ಲದ ಆಕೆ, ಕುರುಡಿನ ವಿರುದ್ಧ ನೀವು ನಿಲ್ಲಬೇಕು ಅಂತ ನೇರವಾಗಿ ಕೇಳಿದರು. ಕ್ಲಬ್ಬುಗಳು ಒಪ್ಪಿದವು. ಕಣ್ಣಿನ ಕೆಲಸ ಲಯನ್ಸ್‌ಗೆ ಅಂಟಿದ್ದು ಅಲ್ಲಿಂದ. ರೋಟರಿ ಕಲ್ಕತ್ತೆಗೆ ಬಂದದ್ದು 1919ರಲ್ಲಿ. ಲಯನ್ಸ್ ಮುಂಬೈಗೆ ಬಂದದ್ದು 1956ರಲ್ಲಿ. ಆಮೇಲೆ ಜಿಲ್ಲೆ, ತಾಲ್ಲೂಕು ಊರುಗಳಿಗೂ ಹಬ್ಬಿದವು.

ಆದರೆ ಡೇರೆ ಶಿಬಿರದ ಮಾದರಿ ಅಮೆರಿಕದ್ದಲ್ಲ, ಇಲ್ಲಿನದೇ. ಅದರಲ್ಲಿ ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರ ಹೆಸರು ದೊಡ್ಡದು. ಆಸ್ಪತ್ರೆಗೆ ಬರಲಾಗದವರ ಬಳಿಗೆ ಆಸ್ಪತ್ರೆಯೇ ಹೋಗಲಿ ಅಂತ ಊರೂರು ಸುತ್ತಿದರು. ಒಂದೇ ದಿನ ನೂರಾರು ಕಣ್ಣುಗಳ ಆಪರೇಷನ್ ಮಾಡಿದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು. ಅಂಥ ಶಿಬಿರಕ್ಕೆ ವೈದ್ಯರ ಕೈಚಳಕ ಎಷ್ಟು ಬೇಕೋ, ಊರಿನವರ ಕೈಗಳೂ ಅಷ್ಟೇ ಬೇಕು. ಡೇರೆ, ನೀರು, ಅಡುಗೆ, ಚಾಪೆ, ಕಾವಲು. ಇದನ್ನೆಲ್ಲ ಹೊಂದಿಸುವ ಕೆಲಸ ಕ್ಲಬ್ಬುಗಳದ್ದಾಯಿತು.

ತಾತನಿಗೆ ಕಣ್ಣು ಬಂತು. ಜೊತೆಗೆ ಸೋಡಾಬುಡ್ಡಿ ಕನ್ನಡಕವೂ ಬಂತು. ಅದನ್ನು ಹಾಕಿಕೊಂಡರೆ ಎದುರಿನದು ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಲೋಟಕ್ಕೆ ಕೈ ಹಾಕಿದರೆ ಅದು ಅಲ್ಲಿ ಇರುವುದಿಲ್ಲ. ತಾತ ಮೆಟ್ಟಿಲು ಇಳಿಯಲು ಕಲಿಯುವುದಕ್ಕೆ ತಿಂಗಳು ಹಿಡಿಯಿತು. ಆಮೇಲೆ ಒಂದು ದಿನ ಕಬ್ಬಿನ ಗದ್ದೆಯಲ್ಲಿ ಕನ್ನಡಕ ಬಿದ್ದುಹೋಯಿತು. ಇನ್ನೊಂದು ಮಾಡಿಸುವ ತನಕ ತಾತ ಮತ್ತೆ ಕುರುಡು. ಮೊದಲಿಗಿಂತ ಜಾಸ್ತಿಯೇ ಕುರುಡು. ಶಿಬಿರದವರಿಗೆ ಇದು ಗೊತ್ತೇ ಆಗಲಿಲ್ಲ. ಡೇರೆ ಬಿಚ್ಚಿ ಎಷ್ಟೋ ದಿನ ಆಗಿತ್ತು.

ಡೇರೆಗಳು ನಿಂತುಹೋಗಲು ಎರಡು ಕಾರಣ.

ಒಂದು, ಕಣ್ಣೊಳಗೇ ಇಡುವ ಲೆನ್ಸು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ವಿಮಾನ ಚಾಲಕರ ಕಣ್ಣುಗಳಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ಕಿನ ಚೂರುಗಳು ಸಿಕ್ಕಿಕೊಂಡಿದ್ದವು. ಆ ಚೂರುಗಳಿಗೆ ಕಣ್ಣು ಅಷ್ಟಾಗಿ ಕೆರಳುವುದಿಲ್ಲ ಎಂಬುದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅಂಥದೇ ಪ್ಲಾಸ್ಟಿಕ್ಕಿನಲ್ಲಿ ಮಸೂರ ಮಾಡಿಸಿ 1949ರಲ್ಲಿ ಮೊದಲ ಸಲ ಒಬ್ಬರ ಕಣ್ಣಿಗೆ ಹಾಕಿದರು. ಅದು ನಮ್ಮ ಬಡವರ ತನಕ ಬರಲು ನಲವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು, ಯಾಕೆಂದರೆ ಹೊರದೇಶದಿಂದ ತರಿಸುವ ಲೆನ್ಸು ತುಂಬಾ ದುಬಾರಿ. ಮಧುರೈನ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಕಡಿಮೆ ಬೆಲೆಗೆ ಲೆನ್ಸ್ ತಯಾರಿಸಿದ ಮೇಲೆ ದಾರಿ ತೆರೆಯಿತು. ಆದರೆ ಲೆನ್ಸ್ ಕೂರಿಸಲು ಸೂಕ್ಷ್ಮದರ್ಶಕ ಬೇಕು, ಧೂಳಿಲ್ಲದ ಥಿಯೇಟರ್ ಬೇಕು. ಅದು ಶಾಲೆಯ ಕೋಣೆಯಲ್ಲಿ ಆಗುವ ಮಾತಲ್ಲ.

ಇನ್ನೊಂದು ಕಾರಣ ನೋವಿನದು. 1986ರಲ್ಲಿ ಉತ್ತರ ಪ್ರದೇಶದ ಖುರ್ಜಾದಲ್ಲಿ ಸೇವಾ ಕ್ಲಬ್ಬೊಂದು ನಡೆಸಿದ ಶಿಬಿರದಲ್ಲಿ ಸೋಂಕು ತಗುಲಿ 80ಕ್ಕೂ ಹೆಚ್ಚು ಜನರ ಆಪರೇಷನ್ ಆದ ಕಣ್ಣು ಶಾಶ್ವತವಾಗಿ ಹಾಳಾಯಿತು. ಕಣ್ಣು ತೊಳೆಯಲು ಬಳಸಿದ ಸಲೈನ್ ನೀರಿನಿಂದಲೇ ಸೋಂಕು ಬಂದಿರಬೇಕು ಎಂಬ ಅನುಮಾನ ಇತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1989ರಲ್ಲಿ ತೀರ್ಪು ಬಂತು. ಯಾರಿಗೂ ಕೆಡುಕು ಮಾಡುವ ಮನಸ್ಸು ಇರಲಿಲ್ಲ. ಒಳ್ಳೆಯ ಮನಸ್ಸೊಂದೇ ಸಾಕಾಗಲಿಲ್ಲ. ಸೇವೆಗೆ ಇಳಿಯುವ ಪ್ರತಿಯೊಬ್ಬರೂ ಈ ಪ್ರಕರಣವನ್ನು ಒಮ್ಮೆ ತಿಳಿದುಕೊಳ್ಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅಂಧತ್ವ ನಿಯಂತ್ರಣಕ್ಕೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೇ ಇತ್ತು. ನಿಯಮಗಳು ಬಿಗಿಯಾಗುತ್ತಾ ಹೋದಂತೆ ಶಿಬಿರ ಎರಡು ಭಾಗ ಆಯಿತು. ತಪಾಸಣೆ ಊರಲ್ಲಿ. ಆಪರೇಷನ್ ಆಸ್ಪತ್ರೆಯಲ್ಲಿ. ನಡುವೆ ಒಂದು ಬಸ್ಸು.

ಆ ಬಸ್ಸಿನಿಂದಾಗಿ ನಮ್ಮಂಥವರ ಕೆಲಸವೇ ಬದಲಾಯಿತು. ಈಗ ಆಪರೇಷನ್‌ಗೆ ಕಾಲು ಗಂಟೆ, ಅರ್ಧ ಗಂಟೆ ಸಾಕು. ಸಾಮಾನ್ಯವಾಗಿ ಮಾರನೇ ದಿನ ಪಟ್ಟಿ ಬಿಚ್ಚಿ ಮನೆಗೆ ಕಳಿಸುತ್ತಾರೆ. ಗಂಜಿ ಕುಡಿಸುವ, ರಾತ್ರಿ ಕಾಯುವ ಕೆಲಸ ಇಲ್ಲ. ಮೇಲಿಂದ ನೋಡಿದರೆ ಸ್ವಯಂಸೇವಕರಿಗೆ ಕೆಲಸವೇ ಇಲ್ಲ ಅನ್ನಿಸುತ್ತದೆ. ಬ್ಯಾನರ್ ಕಟ್ಟು, ಮೈಕ್ ಹಾಕು, ಅತಿಥಿಗಳಿಗೆ ಶಾಲು ಹೊದಿಸು, ಬಸ್ಸು ಹತ್ತಿಸು, ಮುಗಿಯಿತು. ಎಷ್ಟೋ ವರ್ಷ ನಾವೂ ಹಾಗೇ ಮಾಡಿದೆವು.

ನಮ್ಮ ಕಣ್ಣು ತೆರೆಸಿದ್ದು ಒಬ್ಬ ಅಜ್ಜಿ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ನಾಲ್ಕನೇ ದಿನ ಕಣ್ಣು ಕೆಂಪಾಗಿ ನೋವು ಶುರುವಾಯಿತು. ಯಾರಿಗೆ ಹೇಳಬೇಕು ಅಂತ ಗೊತ್ತಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಆಕೆಯ ಹೆಸರು, ಊರು ಇತ್ತು, ಫೋನ್ ನಂಬರ್ ಇರಲಿಲ್ಲ. ನಮ್ಮ ನಂಬರ್ ಅವರ ಹತ್ತಿರವೂ ಇರಲಿಲ್ಲ. ಪಕ್ಕದ ಮನೆಯವರ ಹಳೇ ಡ್ರಾಪ್ಸ್ ಹಾಕಿಕೊಂಡು ಮೂರು ದಿನ ತಡೆದಿದ್ದಾರೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಆ ಕಣ್ಣಿನಲ್ಲಿ ಈಗ ಬೆಳಕು ಮಾತ್ರ ಗೊತ್ತಾಗುತ್ತದೆ. ಬಸ್ಸು ಹತ್ತಿಸುವಾಗ ಆಕೆಯ ಜೊತೆ ನಿಂತು ನಾವು ತೆಗೆಸಿಕೊಂಡ ಫೋಟೋ ಇನ್ನೂ ನಮ್ಮ ಆಲ್ಬಮ್ಮಿನಲ್ಲಿದೆ. ಅದನ್ನು ನೋಡಲು ನನಗೆ ಈಗಲೂ ಆಗುವುದಿಲ್ಲ.

ಅಂದಿನಿಂದ ರಿಜಿಸ್ಟರಿಗೆ ಹೊಸ ಕಾಲಮ್ಮುಗಳು ಬಂದವು. ಮನೆಯಲ್ಲಿ ಫೋನ್ ಯಾರದ್ದು? ಡ್ರಾಪ್ಸ್ ಹಾಕುವವರು ಯಾರು? ಒಂದು ವಾರದ ತಪಾಸಣೆಗೆ ಬಂದರಾ? ತಿಂಗಳು, ಒಂದೂವರೆ ತಿಂಗಳಿಗೆ ಕನ್ನಡಕದ ಪರೀಕ್ಷೆಗೆ ಬಂದರಾ? ಕಣ್ಣಿಗೆ ನೀರು ಬೀಳಬಾರದು, ಉಜ್ಜಬಾರದು, ಒಲೆಯ ಹೊಗೆ ಮುಂದೆ ಕೂರಬಾರದು. ನೋವು, ಕೆಂಪು, ಇದ್ದಕ್ಕಿದ್ದಂತೆ ಮಂಜು ಕಂಡರೆ ಅವತ್ತೇ ಫೋನ್ ಮಾಡಬೇಕು, ನಾಳೆ ಅನ್ನಬಾರದು. ಇದನ್ನು ಬಸ್ಸಿನಲ್ಲಿ ಒಂದು ಸಲ, ಮನೆಗೆ ಬಿಡುವಾಗ ಇನ್ನೊಂದು ಸಲ ಹೇಳುತ್ತೇವೆ. ಮಗನಿಗೋ ಸೊಸೆಗೋ ಬೇರೆಯಾಗಿ ಹೇಳುತ್ತೇವೆ.

ಭಾನುವಾರದ ಕೆಲಸಕ್ಕಿಂತ ಸೋಮವಾರದ ಕೆಲಸ ದೊಡ್ಡದು ಅಂತ ಪೋಲಿಯೋ ಲಸಿಕೆ ನಮಗೆ ಮೊದಲೇ ಕಲಿಸಿತ್ತು. ಅದನ್ನು ಇಲ್ಲಿಗೆ ತರಲಿಲ್ಲ, ಅಷ್ಟೇ. ರೋಟರಿ ಪೋಲಿಯೋ ಕೆಲಸವನ್ನು ಜಗತ್ತಿನ ಮಟ್ಟದಲ್ಲಿ ಕೈಗೆತ್ತಿಕೊಂಡದ್ದು 1985ರಲ್ಲಿ. ಭಾರತದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ಭಾನುವಾರ ಬೂತು. ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ. ಆದರೆ ಬೂತಿಗೆ ಬರದ ಮಕ್ಕಳು ಉಳಿದೇ ಉಳಿದರು. ಮನೆ ಮನೆಗೆ ಹೋಗಿ, ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಿಟ್ಟುಹೋದ ಮನೆಗೆ ಮತ್ತೆ ಹೋಗುವ ಕ್ರಮ ಆಮೇಲೆ ಸೇರಿಕೊಂಡಿತು. ಆಲೆಮನೆಯ ಪಕ್ಕದ ಗುಡಿಸಲು, ಇಟ್ಟಿಗೆ ಗೂಡು, ಬಸ್ ಸ್ಟ್ಯಾಂಡು, ಎಲ್ಲ ಕಡೆ ತಿರುಗಬೇಕಿತ್ತು. ಆಶಾ, ಅಂಗನವಾಡಿ ಕಾರ್ಯಕರ್ತೆಯರೇ ಇದರ ಬೆನ್ನೆಲುಬು. ನಾವು ಅವರ ಜೊತೆಗೆ ಹೋದವರು. ದೇಶದಲ್ಲಿ ಕಾಡು ಪೋಲಿಯೋ, ಅಂದರೆ ಲಸಿಕೆಯಿಂದಲ್ಲದೆ ತಾನಾಗಿ ಹರಡುವ ಪೋಲಿಯೋದ ಕೊನೆಯ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂತು.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ರೋಟರಿ, ಲಯನ್ಸ್ ಎರಡರಲ್ಲೂ ಬಹಳ ಕಾಲ ಗಂಡಸರಿಗೆ ಮಾತ್ರ ಸದಸ್ಯತ್ವ. ಲಯನ್ಸ್ 1987ರಲ್ಲಿ, ರೋಟರಿ 1989ರಲ್ಲಿ ಆ ನಿಯಮ ತೆಗೆದವು. ನಮ್ಮ ಕಡೆ ಹೆಂಗಸರು ಸದಸ್ಯರಾಗಿ ಬಂದದ್ದು ಇನ್ನೂ ನಿಧಾನವಾಗಿ. ಅವರು ಬಂದ ಮೇಲೆ ಶಿಬಿರದಲ್ಲಿ ಏನು ನಡೆಯಿತು ಗೊತ್ತಾ? "ಬೇಡ ಕಣಪ್ಪ, ಆಮೇಕೆ ನೋಡುವಾ" ಅಂತ ನಮಗೆ ಹೇಳಿ ಎದ್ದುಹೋಗುತ್ತಿದ್ದ ಅಜ್ಜಿಯರು ಅವರ ಹತ್ತಿರ ನಿಜವಾದ ಕಾರಣ ಹೇಳಿದರು.

ಭಯ ಅಲ್ಲ, ದುಡ್ಡೂ ಅಲ್ಲ. ಹಸು. ಬೆಳಗ್ಗೆ, ಸಂಜೆ ಹಾಲು ಕರೆದು ಡೇರಿಗೆ ಹಾಕಬೇಕು. ಎರಡು ದಿನ ಆಸ್ಪತ್ರೆಗೆ ಹೋದರೆ ಹುಲ್ಲು ಹಾಕುವವರು ಯಾರು? ಡ್ರಾಪ್ಸ್ ಹಾಕುವ ತಿಂಗಳು ಪೂರ್ತಿ ಭಾರ ಎತ್ತಬೇಡಿ ಅಂದರೆ ಹುಲ್ಲಿನ ಹೊರೆ ತರುವವರು ಯಾರು? ಗಂಡನ ಕಣ್ಣಿನ ಆಪರೇಷನ್‌ಗೆ ಹೆಂಡತಿ ಜೊತೆಗೆ ಬರುತ್ತಾಳೆ. ಹೆಂಡತಿಯದ್ದು ಕಬ್ಬು ಕಡಿದ ಮೇಲೆ, ಮಾರಿಹಬ್ಬ ಆದ ಮೇಲೆ, ಮೊಮ್ಮಗಳ ಮದುವೆ ಆದ ಮೇಲೆ ಅಂತ ಮುಂದಕ್ಕೆ ಹೋಗುತ್ತದೆ. ಪೊರೆಯಿಂದ ಕಣ್ಣು ಕಳೆದುಕೊಂಡವರಲ್ಲಿ ಹೆಂಗಸರೇ ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ. ಅದಕ್ಕೆ ಕಾರಣ ಕೊಟ್ಟಿಗೆಯಲ್ಲೂ ಇದೆ ಅಂತ ನಮಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಇತ್ತೀಚೆಗೆ ಕೆಲಸ ಇನ್ನೂ ಎರಡು ಕಡೆ ಕವಲೊಡೆದಿದೆ. ಒಂದು ನೇತ್ರದಾನ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಹೋದಾಗ ಅವರ ಕಣ್ಣುಗಳನ್ನು ದಾನ ಮಾಡಿದ ಮೇಲೆ ಹಳ್ಳಿಗಳಲ್ಲೂ ಜನ ತಾವಾಗಿಯೇ ಕೇಳುತ್ತಾರೆ. ತೀರಿಕೊಂಡ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಹಾಗಾಗಿ ರಾತ್ರಿ ಫೋನ್ ಎತ್ತುವವರು ಬೇಕು. ಪೊರೆ ಆಪರೇಷನ್ ಆದವರೂ, ಕನ್ನಡಕ ಹಾಕುವವರೂ ಕೊಡಬಹುದು.

ಎರಡನೆಯದು ಶುಗರ್. ಇದು ನನಗೆ ಪೊರೆಗಿಂತ ದೊಡ್ಡ ಚಿಂತೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದಿನ ಪರದೆ ಹಾಳಾದರೆ, ಪೊರೆ ತೆಗೆದಂತೆ ತೆಗೆದು ದೃಷ್ಟಿ ವಾಪಸ್ ತರಲು ಆಗುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕು. ಮೊದಮೊದಲು ನೋವೂ ಇಲ್ಲ, ಮಬ್ಬೂ ಇಲ್ಲ. ಶುಗರ್ ಇದ್ದವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ತೋರಿಸಬೇಕು. ಭಾನುವಾರದ ಒಂದು ಶಿಬಿರದಿಂದ ಇದು ಆಗುವುದಿಲ್ಲ. ಪ್ರತಿ ವರ್ಷ ಅದೇ ಊರಿಗೆ, ಅದೇ ಮನೆಗೆ ಹೋಗಬೇಕು.

ಕಳೆದ ಶಿಬಿರದ ಪಟ್ಟಿಯಲ್ಲಿ ನಾಲ್ಕು ಹೆಸರಿನ ಮುಂದೆ ಇನ್ನೂ ಟಿಕ್ ಬಿದ್ದಿಲ್ಲ. ಇಬ್ಬರು ಕನ್ನಡಕದ ಪರೀಕ್ಷೆಗೆ ಬರಬೇಕು. ಒಬ್ಬರ ಫೋನ್ ಹೋಗುತ್ತಿಲ್ಲ. ನಾಲ್ಕನೆಯವರು ಬಸರಾಳು ಕಡೆಯ ಒಬ್ಬ ಅಜ್ಜಿ. ಎರಡೂ ಕಣ್ಣಿಗೆ ಪೊರೆ, ಎರಡು ಸಲ ಬಸ್ಸಿನ ತನಕ ಬಂದು ವಾಪಸ್ ಹೋದವರು. ಈ ಸಲ ನಮ್ಮ ಸದಸ್ಯೆಯೊಬ್ಬರು ಅದೇ ಬೀದಿಯ ಹುಡುಗನನ್ನು ಹಿಡಿದು ಮಾತಾಡಿದ್ದಾರೆ. ಬುಧವಾರ, ಗುರುವಾರ ಎರಡು ಹೊತ್ತು ಹಾಲು ಕರೆದು ಅವನೇ ಡೇರಿಗೆ ಹಾಕುತ್ತಾನೆ. ಅಜ್ಜಿ ಅವನನ್ನು ಕರೆದು, ಹಸುವಿನ ಹತ್ತಿರ ನಿಲ್ಲಿಸಿ, ಅದು ಒದೆಯುತ್ತದಾ ಅಂತ ನೋಡಿ, ಆಮೇಲೆ ಹೂಂ ಅಂದರಂತೆ.