ತೀರ್ಪುಗಾರ ಯಾರ ಕಡೆಯವನು? ಕರಾಟೆ ಶಾಲೆಗಳೂ ಪಂದ್ಯಾವಳಿಗಳೂ ನಡೆದು ಬಂದ ದಾರಿ

2021ರ ಆಗಸ್ಟ್ 7ರಂದು ಟೋಕಿಯೊದ ನಿಪ್ಪಾನ್ ಬುಡೊಕಾನ್ ಸಭಾಂಗಣದಲ್ಲಿ ಒಲಿಂಪಿಕ್ಸ್ ಕರಾಟೆಯ ಕೊನೆಯ ಪಂದ್ಯ ನಡೆಯಿತು. 75 ಕಿಲೊ ಮೇಲ್ಪಟ್ಟ ಪುರುಷರ ವಿಭಾಗದ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೆದಿ 4–1ರಿಂದ ಮುಂದಿದ್ದಾಗ ಬೀಸಿದ ಒದೆತವೊಂದು ಇರಾನಿನ ಸಜಾದ್ ಗಂಜ್‌ಜಾದೆ ಅವರನ್ನು ನೆಲಕ್ಕೆ ಕೆಡವಿತು. ಪ್ರಜ್ಞೆ ತಪ್ಪಿದ್ದ ಗಂಜ್‌ಜಾದೆ ಅವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ಯಲಾಯಿತು. ತೀರ್ಪುಗಾರರು ಚರ್ಚಿಸಿ, ಹೊಡೆತದಲ್ಲಿ ನಿಯಂತ್ರಣವಿರಲಿಲ್ಲವೆಂಬ ಕಾರಣಕ್ಕೆ ಹಮೆದಿಯನ್ನು ಅನರ್ಹಗೊಳಿಸಿದರು. ಚಿನ್ನದ ಪದಕ ಬಿದ್ದವರ ಪಾಲಾಯಿತು.

ಟಿವಿಯಲ್ಲಿ ಕರಾಟೆಯನ್ನು ಮೊದಲ ಬಾರಿಗೆ ನೋಡುತ್ತಿದ್ದ ಬಹಳಷ್ಟು ಜನರಿಗೆ ಇದು ಅರ್ಥವಾಗಲಿಲ್ಲ. ಕರಾಟೆ ಶಾಲೆಯಲ್ಲಿ ಬೆಳೆದವರು ಆ ತೀರ್ಪು ಸರಿಯೇ ತಪ್ಪೇ ಎಂದು ವಾದಿಸಿದರೂ ನಿಯಮದ ಬಗ್ಗೆ ಅಚ್ಚರಿಪಡಲಿಲ್ಲ. ನಮ್ಮ ನಾಡಕುಸ್ತಿಯಲ್ಲಿ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಅದನ್ನು ಅಖಾಡದ ಸುತ್ತ ನಿಂತ ಊರೆಲ್ಲ ನೋಡುತ್ತದೆ. ಕರಾಟೆಯ ಸ್ಪರ್ಧೆಯಲ್ಲಾದರೋ ಹೊಡೆತ ಗುರಿಯ ಹತ್ತಿರಕ್ಕೆ ಬಂದು ನಿಲ್ಲಬೇಕು. ನಿಲ್ಲಿಸದೆ ಹೋಗಿದ್ದರೆ ಅದು ಎದುರಾಳಿಯನ್ನು ಕೆಡವುತ್ತಿತ್ತೇ ಎಂಬುದನ್ನು ಹತ್ತಿರ ನಿಂತು ನೋಡಿದ, ಬಲ್ಲ ಒಬ್ಬರು ಹೇಳಬೇಕು. ಹಾಗೆ ಹೇಳುವವರೂ ಯಾವುದಾದರೊಂದು ಶಾಲೆಯಲ್ಲಿ, ಒಬ್ಬ ಗುರುವಿನ ಬಳಿ ಕಲಿತವರೇ ಆಗಿರುತ್ತಾರೆ. ಕಳೆದ ನೂರು ವರ್ಷಗಳಲ್ಲಿ ಕರಾಟೆ ಶಾಲೆಗಳು ಒಂದುಗೂಡಿದ್ದರ, ಮುನಿಸಿಕೊಂಡು ಒಡೆದಿದ್ದರ ಹಿಂದೆ ಬಹುಪಾಲು ಇರುವುದು ಈ ಒಂದು ತೊಡಕು ಎಂಬುದು ನನ್ನ ತಿಳಿವಳಿಕೆ.

ಕರಾಟೆಯ ತವರಾದ ಒಕಿನಾವಾ ದ್ವೀಪದಲ್ಲಿ ಮೊದಲಿಗೆ ಈ ತೊಡಕು ಇರಲಿಲ್ಲ, ಏಕೆಂದರೆ ಅಲ್ಲಿ ಪಂದ್ಯಾವಳಿಯೇ ಇರಲಿಲ್ಲ. 1879ರಲ್ಲಿ ಜಪಾನಿನ ಪ್ರಾಂತ್ಯವಾಗುವ ತನಕ ರ್‍ಯೂಕ್ಯೂ ರಾಜ್ಯವಾಗಿದ್ದ ಈ ದ್ವೀಪದ ಶುರಿ, ನಾಹಾ, ತೊಮಾರಿ ಎಂಬ ಊರುಗಳಲ್ಲಿ ಗುರುಗಳು ಮನೆಯಂಗಳದಲ್ಲಿ, ಕೈಬೆರಳೆಣಿಕೆಯ ಶಿಷ್ಯರಿಗೆ ವಿದ್ಯೆ ಹೇಳಿಕೊಡುತ್ತಿದ್ದರು. ಹೊಡೆತ, ತಡೆ, ಹೆಜ್ಜೆಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿದ ‘ಕಟಾ’ವನ್ನು ವರ್ಷಗಟ್ಟಲೆ ತಿದ್ದುವುದೇ ಪಾಠ. ಶಿಷ್ಯ ಎಷ್ಟು ಕಲಿತಿದ್ದಾನೆ ಎಂಬುದು ಗುರುವಿಗೆ ತಿಳಿದಿದ್ದರೆ ಸಾಕಾಗಿತ್ತು. 20ನೇ ಶತಮಾನದ ಆರಂಭದಲ್ಲಿ ಇತೊಸು ಅಂಕೊ ಅವರು ಕರಾಟೆಯನ್ನು ಒಕಿನಾವಾದ ಶಾಲೆಗಳಿಗೆ ತಂದರು. ಮಕ್ಕಳಿಗಾಗಿ ‘ಪಿನಾನ್’ ಎಂಬ ಐದು ಕಟಾಗಳನ್ನು ರೂಪಿಸಿದರು; 1908ರಲ್ಲಿ ಈ ವಿದ್ಯೆಯ ಪ್ರಯೋಜನಗಳನ್ನು ಹತ್ತು ಅಂಶಗಳಲ್ಲಿ ವಿವರಿಸಿ ಅಧಿಕಾರಿಗಳಿಗೆ ಪತ್ರ ಬರೆದರು. ಅಂಗಳದ ವಿದ್ಯೆ ತರಗತಿಯ ಸಾಲಿಗೆ ಬಂತು. ಒಬ್ಬ ಗುರು ನೂರು ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿ ಎಣಿಕೆ ಹೇಳುತ್ತಾ ಕಲಿಸುವ ಇಂದಿನ ಕ್ರಮಕ್ಕೆ ತಳಪಾಯ ಬಿದ್ದದ್ದು ಆಗಲೇ.

ಇತೊಸು ಅವರ ಶಿಷ್ಯ, ಶಾಲಾ ಶಿಕ್ಷಕ ಫುನಾಕೊಶಿ ಗಿಚಿನ್ 1922ರಲ್ಲಿ ಟೋಕಿಯೊಗೆ ಹೋಗಿ ಪ್ರದರ್ಶನ ಕೊಟ್ಟರು, ಮತ್ತೆ ಊರಿಗೆ ಮರಳಿ ನೆಲೆಸಲಿಲ್ಲ. ಜೂಡೊ ಸ್ಥಾಪಕ ಕಾನೊ ಜಿಗೊರೊ ಅವರ ಪ್ರೋತ್ಸಾಹ ಅವರಿಗೆ ಸಿಕ್ಕಿತು. ಜೂಡೊದಿಂದ ಬಿಳಿ ಉಡುಪೂ ‘ದಾನ್’ ಎಂಬ ದರ್ಜೆಯ ಪದ್ಧತಿಯೂ ಕರಾಟೆಗೆ ಬಂದವು. 1924ರಲ್ಲಿ ಕೆಯೊ ವಿಶ್ವವಿದ್ಯಾಲಯದಲ್ಲಿ ಕರಾಟೆ ಸಂಘ ಆರಂಭವಾಯಿತು. ಉಳಿದ ವಿಶ್ವವಿದ್ಯಾಲಯಗಳೂ ಹಿಂಬಾಲಿಸಿದವು. ಮುಂದಿನ ಕಥೆಗೆಲ್ಲ ಈ ವಿದ್ಯಾರ್ಥಿಗಳೇ ಕಾರಣ. ಜೂಡೊ, ಕೆಂಡೊ ಕಲಿಯುವ ಸಹಪಾಠಿಗಳು ಪಂದ್ಯಗಳಲ್ಲಿ ಗೆದ್ದು ಬರುತ್ತಿದ್ದಾಗ ತಾವು ಮಾತ್ರ ಗಾಳಿಗೆ ಗುದ್ದುತ್ತಾ ನಿಲ್ಲುವುದು ಇಪ್ಪತ್ತರ ಹರೆಯದವರಿಗೆ ಸಾಧ್ಯವಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಹುಡುಗರು ಕೆಂಡೊ ಮಾದರಿಯ ರಕ್ಷಾಕವಚ ತೊಟ್ಟು ಹೊಡೆದಾಡಿ ನೋಡಿದಾಗ, ಕರಾಟೆ ಸ್ಪರ್ಧೆಗಾಗಿ ಇರುವುದಲ್ಲವೆಂದು ದೃಢವಾಗಿ ನಂಬಿದ್ದ ಫುನಾಕೊಶಿ ಆ ಸಂಘದ ಸಂಬಂಧವನ್ನೇ ಕಡಿದುಕೊಂಡರು.

ಹುಡುಗರು ನಿಲ್ಲಿಸಲಿಲ್ಲ. ಎರಡು ವಿಶ್ವವಿದ್ಯಾಲಯಗಳ ಸಂಘಗಳು ಒಂದೆಡೆ ಸೇರಿ ನಡೆಸುತ್ತಿದ್ದ ‘ಕೊಕಾನ್ ಗೆಯಿಕೊ’, ಅಂದರೆ ವಿನಿಮಯ ಅಭ್ಯಾಸ, ಹೆಸರಿಗೆ ಸ್ನೇಹಕೂಟವಾಗಿತ್ತು. ಅಲ್ಲಿ ಲಿಖಿತ ನಿಯಮಗಳಾಗಲಿ, ಎರಡೂ ಕಡೆಯವರು ಒಪ್ಪುವ ತೀರ್ಪುಗಾರರಾಗಲಿ ಇರದಿದ್ದುದರಿಂದ ಹಲ್ಲು, ಮೂಗು, ಪಕ್ಕೆಲುಬು ಮುರಿಯುವುದು ಸಾಮಾನ್ಯವಾಯಿತು. ಪಂದ್ಯಾವಳಿ ಬಂದು ಕರಾಟೆಯ ಸೌಮ್ಯತೆಯನ್ನು ಕೆಡಿಸಿತೆಂದು ಹೇಳುವವರು ಇಂದಿಗೂ ಇದ್ದಾರೆ. ವಿನಿಮಯ ಅಭ್ಯಾಸದ ಕಾಲವನ್ನು ನೋಡಿದರೆ ಈ ಮಾತನ್ನು ಒಪ್ಪುವುದು ಕಷ್ಟ. ನಿಯಮಬದ್ಧ ಪಂದ್ಯ ಹುಟ್ಟಿದ್ದರಲ್ಲಿ ಆ ರಕ್ತಪಾತಕ್ಕೆ ತಡೆ ಹಾಕುವ ಉದ್ದೇಶವೂ ಇತ್ತು.

ಫುನಾಕೊಶಿ ಅವರ ಶಿಷ್ಯರು 1949ರಲ್ಲಿ ಕಟ್ಟಿದ ಜಪಾನ್ ಕರಾಟೆ ಅಸೋಸಿಯೇಷನ್‌ನಲ್ಲಿ ನಕಾಯಾಮ ಮಸಾತೊಶಿ ಮೊದಲಾದವರು ಸ್ಪರ್ಧೆಯ ನಿಯಮಗಳನ್ನು ರೂಪಿಸಿದರು. 1957ರ ಏಪ್ರಿಲ್‌ನಲ್ಲಿ ಫುನಾಕೊಶಿ ತೀರಿಕೊಂಡರು. ಅದೇ ವರ್ಷ ಅಸೋಸಿಯೇಷನ್ನಿನ ಮೊದಲ ಅಖಿಲ ಜಪಾನ್ ಪಂದ್ಯಾವಳಿ ನಡೆಯಿತು. ಮುಖಾಮುಖಿ ಸ್ಪರ್ಧೆಯಾದ ‘ಕುಮಿತೆ’ಯಲ್ಲಿ ಕನಜಾವಾ ಹಿರೊಕಜು ಗೆದ್ದರು. ನಿಯಮ ಸರಳವಾಗಿತ್ತು: ನಿರ್ಣಾಯಕವೆಂದು ತೀರ್ಪುಗಾರ ಒಪ್ಪುವ ಒಂದೇ ಒಂದು ಹೊಡೆತ, ಅಂದರೆ ‘ಇಪ್ಪೊನ್’, ಸಿಕ್ಕರೆ ಪಂದ್ಯ ಮುಗಿಯಿತು. ಆ ಹೊಡೆತ ಗುರಿಗೆ ತೀರ ಹತ್ತಿರದಲ್ಲಿ ನಿಲ್ಲಬೇಕಿತ್ತು.

ಒಂದೇ ಸಂಸ್ಥೆಯೊಳಗೆ ಇದು ನಡೆಯಿತು. ಸ್ಪರ್ಧಿಗಳೂ ತೀರ್ಪುಗಾರರೂ ಒಂದೇ ಬಗೆಯ ಶಿಸ್ತಿನಲ್ಲಿ ಬೆಳೆದವರಾದ್ದರಿಂದ ನಿರ್ಣಾಯಕ ಹೊಡೆತ ಯಾವುದೆಂಬ ಬಗ್ಗೆ ಅವರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿರಲಿಲ್ಲ. ಈ ಶಿಸ್ತು ಸ್ಪರ್ಧೆಗಿಂತ ತುಂಬ ವಿಶಾಲವಾದುದು. ಕರಾಟೆ ಶಾಲೆಯಾದ ‘ದೋಜೊ’ಗೆ ಕಾಲಿಡುವಾಗಲೂ ಹೊರಡುವಾಗಲೂ ಬಾಗಿ ವಂದಿಸುವುದು, ಅಭ್ಯಾಸ ಮುಗಿದ ಮೇಲೆ ಎಲ್ಲರೂ ಸೇರಿ ನೆಲ ಒರೆಸುವುದು, ಸಾಲಾಗಿ ಮಂಡಿಯೂರಿ ದೋಜೊದ ಐದು ಪ್ರತಿಜ್ಞಾವಾಕ್ಯಗಳನ್ನು ಹೇಳುವುದು, ಹಿರಿಯ ವಿದ್ಯಾರ್ಥಿ ಕಿರಿಯನ ಪಟ್ಟಿ ಕಟ್ಟುವುದರಿಂದ ಹಿಡಿದು ನಡತೆ ತಿದ್ದುವವರೆಗೆ ಹೊಣೆ ಹೊರುವುದು, ಚಳಿಗಾಲದ ನಸುಕಿನಲ್ಲಿ ವಿಶೇಷ ಅಭ್ಯಾಸ ಶಿಬಿರಕ್ಕೆ ಸೇರುವುದು, ಇವೆಲ್ಲ ಪದಕದ ಲೆಕ್ಕಕ್ಕೆ ಬಾರದ, ಆದರೆ ಶಾಲೆಯನ್ನು ಶಾಲೆಯಾಗಿ ಉಳಿಸುವ ಸಂಗತಿಗಳು. ಎದುರಾಳಿಯ ಮುಖದ ಮುಂದೆ ಮುಷ್ಟಿಯನ್ನು ನಿಲ್ಲಿಸಬಲ್ಲ ಕೈ ತಯಾರಾಗುವುದೂ ಇಲ್ಲೇ, ಪ್ರತಿ ಸಂಜೆ ಅದೇ ಜೊತೆಗಾರನ ಎದುರು ನಿಂತು, ಅವನಿಗೆ ಪೆಟ್ಟಾದರೆ ನಾಳೆ ತನಗೆ ಜೊತೆಯಿಲ್ಲ ಎಂಬುದನ್ನು ತಿಳಿದಿರುವುದರಿಂದ.

ಆದರೆ ಶಾಲೆಗಳು ಹಲವು. ಫುನಾಕೊಶಿ ಪರಂಪರೆಯ ಶೊಟೊಕಾನ್, ಮಿಯಾಗಿ ಚೊಜುನ್ ಅವರ ಗೊಜು ರ್‍ಯೂ, ಮಬುನಿ ಕೆನ್ವಾ ಅವರ ಶಿಟೊ ರ್‍ಯೂ, ಒತ್ಸುಕಾ ಹಿರೊನೊರಿ ಅವರ ವಾಡೊ ರ್‍ಯೂ, ಈ ನಾಲ್ಕರ ನಿಲುವು, ಅಂತರ, ಕಟಾಗಳ ಲಯ ಬೇರೆ ಬೇರೆ. ಹತ್ತಿರದಿಂದ ಹೊಡೆಯುವ ಗೊಜು ಶಾಲೆಯವನ ಗುದ್ದು ದೂರದಿಂದ ನುಗ್ಗುವ ಶೊಟೊಕಾನ್ ಶಾಲೆಯ ತೀರ್ಪುಗಾರನ ಕಣ್ಣಿಗೆ ಬಲಹೀನವಾಗಿ ಕಾಣಬಹುದು. 1964ರಲ್ಲಿ ಜಪಾನಿನ ಶಾಲೆಗಳು ಸೇರಿ ರಾಷ್ಟ್ರೀಯ ಒಕ್ಕೂಟ ಕಟ್ಟಿದಾಗ, ಎಲ್ಲರಿಗೂ ಒಪ್ಪಿಗೆಯಾಗುವ ನಿಯಮ ಬರೆಯುವುದು ಅದರ ಮುಖ್ಯ ಕೆಲಸಗಳಲ್ಲೊಂದಾಯಿತು. ಅಷ್ಟರಲ್ಲಿ ಅಮೆರಿಕನ್ ಆಡಳಿತದಲ್ಲಿದ್ದ ಒಕಿನಾವಾದಿಂದ ಸೈನಿಕರು ಕರಾಟೆಯನ್ನು ಅಮೆರಿಕಕ್ಕೆ ಒಯ್ದಿದ್ದರು. ಯುರೋಪಿನಲ್ಲಿ 1966ರ ಹೊತ್ತಿಗೆ ಸ್ವಂತ ಚಾಂಪಿಯನ್‌ಷಿಪ್ ಆರಂಭವಾಗಿತ್ತು. 1970ರ ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದು, ವಿಶ್ವ ಕರಾಟೆ ಸಂಸ್ಥೆಗಳ ಒಕ್ಕೂಟ ‘ವುಕೊ’ ಹುಟ್ಟಿತು. ಎರಡೇ ವರ್ಷಗಳಲ್ಲಿ, 1972ರ ಪ್ಯಾರಿಸ್ ಕೂಟದಲ್ಲಿ, ಜಪಾನಿನ ತಂಡ ಪ್ರತಿಭಟಿಸಿ ಹಿಂದೆ ಸರಿಯಿತು. 1975ರಲ್ಲಿ ಲಾಂಗ್ ಬೀಚ್‌ನಲ್ಲಿ ತಂಡ ಪ್ರಶಸ್ತಿ ಬ್ರಿಟನ್ನಿಗೆ ಹೋಯಿತು. ಕಲಿಸಿದವರ ಕೈಯಿಂದ ತೀರ್ಪಿನ ಅಧಿಕಾರ ಜಾರತೊಡಗಿತ್ತು.

ಈ ತೊಡಕನ್ನು ಬೇರುಸಹಿತ ಕಿತ್ತುಹಾಕಲು ಯತ್ನಿಸಿದವರು ಒಬ್ಬರಿದ್ದರು. ಕೊರಿಯಾದಲ್ಲಿ ಹುಟ್ಟಿ ಜಪಾನಿನಲ್ಲಿ ಕ್ಯೊಕುಶಿನ್ ಶಾಲೆ ಕಟ್ಟಿದ ಒಯಾಮಾ ಮಸುತಾತ್ಸು 1969ರಲ್ಲಿ ಯಾವ ಶಾಲೆಯವರು ಬೇಕಾದರೂ ಬರಬಹುದಾದ ಮುಕ್ತ ಪಂದ್ಯಾವಳಿಯನ್ನು ಏರ್ಪಡಿಸಿದರು. ಮುಷ್ಟಿಯಿಂದ ಮುಖಕ್ಕೆ ಹೊಡೆಯುವಂತಿರಲಿಲ್ಲ. ಅದನ್ನುಳಿದು ಒದೆತ, ಗುದ್ದುಗಳು ಪೂರ್ಣ ಬಲದಿಂದಲೇ ತಾಗಬೇಕು. ಎದುರಾಳಿ ಕುಸಿದನೇ ಇಲ್ಲವೇ ಎಂಬುದು ಎಲ್ಲರಿಗೂ ಕಾಣುವುದರಿಂದ ತೀರ್ಪುಗಾರನ ಊಹೆಯ ಪಾಲು ಕಡಿಮೆಯಾಯಿತು. 1975ರಲ್ಲಿ ಅವರ ಮೊದಲ ವಿಶ್ವ ಮುಕ್ತ ಪಂದ್ಯಾವಳಿಯೂ ನಡೆಯಿತು. ಆದರೂ 1994ರಲ್ಲಿ ಒಯಾಮಾ ತೀರಿಕೊಂಡ ಮೇಲೆ ಕ್ಯೊಕುಶಿನ್ ಹಲವು ಸಂಸ್ಥೆಗಳಾಗಿ ಒಡೆದು, ಒಂದೊಂದೂ ತನ್ನದೇ ವಿಶ್ವ ಪಂದ್ಯಾವಳಿ ನಡೆಸತೊಡಗಿತು. ಹೊಡೆತದ ತೀರ್ಪು ಸ್ಪಷ್ಟವಾದ ಮಾತ್ರಕ್ಕೆ ಉತ್ತರಾಧಿಕಾರದ ಜಗಳ ಬಗೆಹರಿಯಲಿಲ್ಲ.

ವುಕೊ ಹಿಡಿದದ್ದು ಇನ್ನೊಂದು ದಾರಿ. 1985ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ ಮಾನ್ಯತೆ ಕೊಟ್ಟಿತು. ಆದರೆ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ್ದ ಶೊಟೊಕಾನ್ ಗುರು ನಿಶಿಯಾಮ ಹಿದೆತಾಕ 1970ರ ದಶಕದಲ್ಲೇ ಸಾಂಪ್ರದಾಯಿಕ ಒಂದು-ಹೊಡೆತದ ನಿಯಮವನ್ನು ಕಾಯುವ ಪ್ರತ್ಯೇಕ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದ್ದರು. ಎರಡನ್ನೂ ಸೇರಿಸುವ ಯತ್ನಗಳು ಫಲಿಸಲಿಲ್ಲ. ವುಕೊದ ಉತ್ತರಾಧಿಕಾರಿಯಾದ ವಿಶ್ವ ಕರಾಟೆ ಫೆಡರೇಷನ್‌ಗೆ 1999ರಲ್ಲಿ ಮಾನ್ಯತೆ ಸಿಕ್ಕಿತು. ಅದರ ನಿಯಮಗಳಲ್ಲಿ ಗುದ್ದಿಗೆ 1 ಅಂಕ, ದೇಹಕ್ಕೆ ಬಿದ್ದ ಒದೆತಕ್ಕೆ 2, ತಲೆಗೆ ಬಿದ್ದ ಒದೆತಕ್ಕೆ ಅಥವಾ ಕೆಡವಿದ ಎದುರಾಳಿಗೆ ಕೊಟ್ಟ ಹೊಡೆತಕ್ಕೆ 3. ಕೆಂಪು, ನೀಲಿ ಪಟ್ಟಿಗಳು, ಹಲ್ಲಿನ ಕವಚ, ಕೈಗವಸು, ಕಾಲಿನ ರಕ್ಷಾಕವಚಗಳು ಬಂದವು. ಪ್ರೇಕ್ಷಕರಿಗೆ ಆಟ ಸುಲಭವಾಗಿ ಅರ್ಥವಾಯಿತು. ಒಂದೇ ಹೊಡೆತಕ್ಕಾಗಿ ಕಾಯುತ್ತಿದ್ದ ತಾಳ್ಮೆಯ ಜಾಗಕ್ಕೆ ಕುಣಿಯುವ ಹೆಜ್ಜೆ, ಗಡಿಯಾರದ ಲೆಕ್ಕಾಚಾರ ಬಂದವು. ನನಗೆ ಇದು ಪೂರ್ತಿ ನಷ್ಟವೆನ್ನಿಸುವುದಿಲ್ಲ: ಎಳೆಯ ಮಕ್ಕಳು ಗಾಯವಿಲ್ಲದೆ ಸ್ಪರ್ಧಿಸಬಲ್ಲ ಕರಾಟೆ ಸಾಧ್ಯವಾದದ್ದು ಈ ದಾರಿಯಲ್ಲಿ.

ಭಾರತದಲ್ಲಿ ಕರಾಟೆ ಹರಡಿದ್ದು ಮುಖ್ಯವಾಗಿ 1970ರ ದಶಕದಿಂದೀಚೆಗೆ, ಹಾಂಗ್‌ಕಾಂಗ್ ಸಿನಿಮಾಗಳ ಅಲೆಯ ಜೊತೆಗೆ. ಕನ್ನಡ ಚಿತ್ರರಸಿಕರು ಶಂಕರ್‌ನಾಗ್ ಅವರನ್ನು ‘ಕರಾಟೆ ಕಿಂಗ್’ ಎಂದು ಕರೆದದ್ದು ಅದೇ ಉತ್ಸಾಹದ ಗುರುತು. ಕರ್ನಾಟಕದ ಪಟ್ಟಣಗಳಲ್ಲಿ ದೋಜೊ ಎಂದರೆ ಬಹುಮಟ್ಟಿಗೆ ಶಾಲೆಯ ಮೈದಾನ, ಸಮುದಾಯ ಭವನ, ಇಲ್ಲವೇ ಯಾರದೋ ಮನೆಯ ತಾರಸಿ. ಗುರು ಎಂದರೆ ಹಗಲು ಬೇರೆ ಉದ್ಯೋಗ ಮಾಡಿ ಬೆಳಿಗ್ಗೆ, ಸಂಜೆ ಕಲಿಸುವ ‘ಮಾಸ್ಟರ್’ ಅಥವಾ ‘ಸರ್’. ವಸತಿ ಶಾಲೆ, ಹಾಸ್ಟೆಲ್‌ಗಳ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಲು ರಾಜ್ಯ ಸರ್ಕಾರ ಒನಕೆ ಓಬವ್ವಳ ಹೆಸರಿನಲ್ಲಿ ಯೋಜನೆ ತಂದ ಮೇಲೆ ಈ ಮಾಸ್ಟರ್‌ಗಳಲ್ಲಿ ಕೆಲವರಿಗೆ ಇನ್ನೊಂದು ಬಗೆಯ ತರಗತಿಯೂ ಸಿಕ್ಕಿತು.

ಇಲ್ಲಿನ ಪಂದ್ಯಾವಳಿಯನ್ನು ನಡೆಸುವುದು ಪೋಷಕರ ಹಾಗೂ ಹಿರಿಯ ವಿದ್ಯಾರ್ಥಿಗಳ ಬಿಡುವಿಲ್ಲದ ದುಡಿಮೆ. ಭಾನುವಾರ ಬೆಳಗಾಗುವ ಮೊದಲೇ ಮಕ್ಕಳು ವ್ಯಾನಿನಲ್ಲಿ ಬಂದಿಳಿಯುತ್ತಾರೆ. ಒಬ್ಬರು ಮ್ಯಾಟ್ ಜೋಡಿಸಿದರೆ ಇನ್ನೊಬ್ಬರು ತೂಕ ನೋಡುತ್ತಾರೆ, ಮತ್ತೊಬ್ಬರು ಉಪ್ಪಿಟ್ಟಿನ ಪೊಟ್ಟಣ ಹಂಚುತ್ತಾರೆ. ಕಪ್ಪು ಪಟ್ಟಿಯ ಯುವಕ ಯುವತಿಯರು ಸೀಟಿ, ಧ್ವಜ ಹಿಡಿದು ಸಂಜೆಯವರೆಗೆ ನಿಂತಿರುತ್ತಾರೆ. ತನ್ನ ಶಾಲೆಯ ಮಗು ಆಡುವಾಗ ಆ ಅಂಕಣದ ತೀರ್ಪಿನಿಂದ ಹಿಂದೆ ಸರಿಯುವ ತೀರ್ಪುಗಾರನಿಗೆ ಊರಿನಲ್ಲಿ ಸಿಗುವ ಗೌರವವೇ ಬೇರೆ. ಆತಿಥೇಯ ಶಾಲೆಯೇ ಪದಕಗಳನ್ನೆಲ್ಲ ಬಾಚಿಕೊಳ್ಳುವ ಕೂಟಕ್ಕೆ ಮರುವರ್ಷ ಬೇರೆ ಶಾಲೆಗಳು ಬರುವುದಿಲ್ಲ.

ಗೆದ್ದು ತಂದ ಪ್ರಮಾಣಪತ್ರದ ಬೆಲೆ ಮಾತ್ರ ಅದರ ಮೇಲಿರುವ ಮೊಹರನ್ನು ಅವಲಂಬಿಸಿದೆ. ‘ರಾಷ್ಟ್ರೀಯ’, ‘ಅಂತರರಾಷ್ಟ್ರೀಯ’ ಎಂಬ ಹೆಸರಿನ ಕೂಟಗಳನ್ನು ಯಾವ ಸಂಸ್ಥೆ ಬೇಕಾದರೂ ನಡೆಸಬಹುದು. ಕ್ರೀಡಾ ಮೀಸಲಾತಿಯ ಅರ್ಜಿ ಹಾಕುವಾಗಲಷ್ಟೇ ಆ ಸಂಸ್ಥೆಗೆ ಮಾನ್ಯತೆಯಿದೆಯೇ ಎಂಬ ಪ್ರಶ್ನೆ ಪೋಷಕರಿಗೆ ಎದುರಾಗುತ್ತದೆ. ರಾಷ್ಟ್ರಮಟ್ಟದಲ್ಲೂ ಈ ಪ್ರಶ್ನೆ ಎದ್ದಿತು. 2020ರಲ್ಲಿ ವಿಶ್ವ ಕರಾಟೆ ಫೆಡರೇಷನ್ ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಬಳಿಕ ಕರಾಟೆ ಇಂಡಿಯಾ ಆರ್ಗನೈಸೇಷನ್ ಆ ಸ್ಥಾನಕ್ಕೆ ಬಂತು. ಸಂಸ್ಥೆಗಳು ಬದಲಾಗುವ ಇಂಥ ಅವಧಿಗಳಲ್ಲಿ ಆಯ್ಕೆ ಪಂದ್ಯ ಯಾವುದೆಂದು ತಿಳಿಯದೆ ವರ್ಷ ಕಳೆದುಕೊಳ್ಳುವವರು ಹದಿನಾರು, ಹದಿನೇಳರ ಸ್ಪರ್ಧಿಗಳು.

ಒಲಿಂಪಿಕ್ಸ್‌ನ ಬಾಗಿಲೂ ಹೆಚ್ಚು ಕಾಲ ತೆರೆದಿರಲಿಲ್ಲ. ಟೋಕಿಯೊದಲ್ಲಿ ಎಂಟು ವಿಭಾಗಗಳಲ್ಲಿ ಸ್ಪರ್ಧೆ ನಡೆಯಿತು. ಪುರುಷರ ಕಟಾದಲ್ಲಿ ಒಕಿನಾವಾದ ಕಿಯುನಾ ರ್‍ಯೊ, ಮಹಿಳೆಯರ ಕಟಾದಲ್ಲಿ ಸ್ಪೇನಿನ ಸಾಂಡ್ರಾ ಸಾಂಚೆಜ್ ಗೆದ್ದರು. 2024ರ ಪ್ಯಾರಿಸ್ ಕೂಟದಲ್ಲಿ ಕರಾಟೆ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಕೂಟದ ಪಟ್ಟಿಯಲ್ಲೂ ಇಲ್ಲ. 1994ರಿಂದ ಕರಾಟೆಯನ್ನು ಒಳಗೊಂಡಿರುವ ಏಷ್ಯನ್ ಕ್ರೀಡಾಕೂಟ, ವಿಶ್ವ ಚಾಂಪಿಯನ್‌ಷಿಪ್ ಹಾಗೂ ಖಂಡಮಟ್ಟದ ಕೂಟಗಳೇ ಸದ್ಯಕ್ಕೆ ಸ್ಪರ್ಧಿಗಳ ಗುರಿ. ಒಕಿನಾವಾ ಮಾತ್ರ ತನ್ನದೇ ವ್ಯವಸ್ಥೆ ಮಾಡಿಕೊಂಡಿದೆ: 2017ರಲ್ಲಿ ತೊಮಿಗುಸುಕು ನಗರದಲ್ಲಿ ಕರಾಟೆ ಕೈಕಾನ್ ಭವನ ತೆರೆದು, ಮರುವರ್ಷ ಅಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಸಿತು. ಅಲ್ಲಿ ಕಟಾಗಳನ್ನು ಶುರಿ, ನಾಹಾ ಮೊದಲಾದ ಪರಂಪರೆಗಳ ಪ್ರಕಾರ ವಿಂಗಡಿಸಿ ಸ್ಪರ್ಧೆ ಏರ್ಪಡಿಸಲಾಗುತ್ತದೆ.