4ನೇ ತರಗತಿ ಗದ್ದಲ ಮಾಡಿದರೆ ಟೀಚರ್ ಬಿಗಿಯಾಗಬೇಕಾ?

ಓದುಗರ ಪ್ರಶ್ನೆ: ಈ ಜೂನ್‌ನಲ್ಲಿ ಮುಂಡರಗಿ ಕಡೆಯ ಒಂದು ಸರ್ಕಾರಿ ಶಾಲೆಗೆ ಸೇರಿದ್ದೇನೆ. 4ನೇ ತರಗತಿ ನನಗೆ ಕೊಟ್ಟಿದ್ದಾರೆ. ಪಾಠ ಶುರು ಮಾಡಿ ಸ್ವಲ್ಪ ಹೊತ್ತಿಗೇ ಗದ್ದಲ. ‘ಮೊದಲ ಎರಡು ತಿಂಗಳು ನಗಬ್ಯಾಡ್ರಿ, ಬಿಗಿ ಇರ್ರಿ’ ಅಂತ ಹಿರಿಯರು ಹೇಳುತ್ತಾರೆ. ಮಕ್ಕಳು ಹೆದರದಿದ್ದರೆ ನಿಜವಾಗಿಯೂ ಕಲಿಯುವುದಿಲ್ಲವಾ?

ಉತ್ತರ: ಹೊಸದಾಗಿ ಸೇರಿದವರು, ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಚಹಾ ಕುಡಿಯುವಾಗ ಕೇಳುವ ಮೊದಲ ಪ್ರಶ್ನೆಯೇ ಇದು. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪಾಠ ಮಾಡುತ್ತೇನೆ. ಕೆಲಸಕ್ಕೆ ಸೇರಿ ಜಾಸ್ತಿ ವರ್ಷ ಆಗಿಲ್ಲ. ಅಷ್ಟರಲ್ಲೇ ನನಗೆ ಖಾತ್ರಿಯಾದ ಒಂದು ಮಾತಿದೆ. ಮಗುವಿನ ಕೈಯಲ್ಲಿ ಅದು ಮಾಡಬಲ್ಲ ಕೆಲಸ ಇದ್ದರೆ ಅರ್ಧ ಗದ್ದಲ ತಾನಾಗಿಯೇ ಇಳಿಯುತ್ತದೆ. ಬಿಗಿ ಮುಖಕ್ಕೆ ಹೆದರಿ ಸುಮ್ಮನಾದ ಗದ್ದಲ ನೀವು ಬೋರ್ಡಿನ ಕಡೆ ತಿರುಗುವವರೆಗೆ ಮಾತ್ರ ಸುಮ್ಮನಿರುತ್ತದೆ.

ನಿಮ್ಮ ಮಕ್ಕಳು ಎಲ್ಲಿಂದ ಬಂದರು ಅನ್ನೋದನ್ನ ಮೊದಲು ನೋಡಿ. ಏಪ್ರಿಲ್‌ವರೆಗೆ ಅವರು ನಲಿ-ಕಲಿ ಕೋಣೆಯಲ್ಲಿದ್ದರು. ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಕೇಂದ್ರದಲ್ಲಿ ನಡೆಯುತ್ತಿದ್ದ ಕಲಿಕೆಯನ್ನು ನೋಡಿ ಬಂದ ನಮ್ಮದೇ ಶಿಕ್ಷಕರು ಯುನಿಸೆಫ್ ನೆರವಿನಿಂದ ಅದನ್ನು ಕಟ್ಟಿದರು. 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. 1ರಿಂದ 3ನೇ ತರಗತಿ ಮಕ್ಕಳು ಅಲ್ಲಿ ಒಟ್ಟಿಗೆ ಕೂರುತ್ತಾರೆ. ಗೋಡೆಯ ಮೇಲೆ, ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ ಇರುತ್ತದೆ. ಮಗು ಎದ್ದು ಹೋಗಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ನೋಡುತ್ತದೆ, ಅದರ ಕಾರ್ಡ್ ಹುಡುಕಿ ತರುತ್ತದೆ, ತನ್ನ ‘ತಟ್ಟೆ’ಗೆ, ಅಂದರೆ ತನ್ನ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಟೀಚರ್ ಜೊತೆಗೇ ಕೂತಿರುತ್ತಾರೆ. ಇನ್ನೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ. ಮತ್ತೊಂದರಲ್ಲಿ ಮಗು ಒಂಟಿಯಾಗಿ ಮಾಡಿ ಮುಗಿಸುತ್ತದೆ. ಬರೆಯಲು ಗೋಡೆಯ ಕೆಳಭಾಗದಲ್ಲೇ ಕಪ್ಪು ಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಅವರೇ ಬಿಡಿಸಿದ ಚಿತ್ರಗಳು.

ಜೂನ್‌ನಲ್ಲಿ ಅದೇ ಮಗು ನಿಮ್ಮ ಕೋಣೆಗೆ ಬರುತ್ತದೆ. ಸಾಲಾಗಿ ಬೆಂಚು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಏಳಬಾರದು, ಪಕ್ಕದವರ ಜೊತೆ ಮಾತಾಡಬಾರದು. ಮೂರು ವರ್ಷ ‘ಎದ್ದು ಹೋಗಿ ತಗೋ, ಗೆಳತಿಯನ್ನು ಕೇಳು’ ಅಂತ ನಾವೇ ಕಲಿಸಿದ್ದನ್ನು ಈಗ ತುಂಟತನ ಅಂತ ಕರೆಯುತ್ತೇವೆ. ನನ್ನ ಮಟ್ಟಿಗೆ ಇದು ಅನ್ಯಾಯ. 4ನೇ ತರಗತಿಯ ಜೂನ್, ಜುಲೈ ಗದ್ದಲದ ದೊಡ್ಡ ಪಾಲು ಇದೇ. ದಿನಕ್ಕೆ ಒಂದು ಪಿರಿಯಡ್ ಆದರೂ ಅವರನ್ನು ಗುಂಪಿನಲ್ಲಿ ಕೂರಿಸಿ. ಬರೆಯಲು ಗೋಡೆಯಲ್ಲಿ ಜಾಗ ಕೊಡಿ, ಬರೆದದ್ದನ್ನು ತೂಗುಹಾಕಿ. ಬೆಂಚಿಗೆ ನಿಧಾನವಾಗಿ ಹೊಂದಿಕೊಳ್ಳುತ್ತಾರೆ.

ಇನ್ನೊಂದು ಪಾಲು ಮಟ್ಟದ್ದು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗಿನಿಂದ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಇದು ಒಳ್ಳೆಯದೇ. ಹತ್ತು ವರ್ಷದ ಹುಡುಗಿಯನ್ನು ಆರು ವರ್ಷದವರ ಜೊತೆ ಕೂರಿಸಿದರೆ ಅವಳು ನಾಳೆ ಬರುವುದಿಲ್ಲ. ಜೊತೆಗೆ 1ರಿಂದ 5ರವರೆಗೆ ಒಟ್ಟು 60 ಮಕ್ಕಳಿದ್ದರೆ ಅದೇ ಕಾಯ್ದೆಯ ಲೆಕ್ಕದಲ್ಲಿ ಬರುವುದು ಇಬ್ಬರೇ ಶಿಕ್ಷಕರು. ಅಂದರೆ ಎರಡು ಮೂರು ತರಗತಿ ಒಟ್ಟಿಗೆ ಕೂರುವುದು, ಅಕ್ಷರ ಬಾರದವರೂ ಕತೆ ಓದುವವರೂ ಒಂದೇ ಸಾಲಿನಲ್ಲಿರುವುದು ನಮ್ಮ ಹಳ್ಳಿ ಶಾಲೆಗಳಲ್ಲಿ ಮಾಮೂಲು. ಒಂದೇ ಪಾಠವನ್ನು ಎಲ್ಲರಿಗೂ ಜೋರಾಗಿ ಹೇಳಿದರೆ ಒಂದು ಗುಂಪಿಗೆ ತಲೆಬುಡ ಗೊತ್ತಾಗುವುದಿಲ್ಲ, ಇನ್ನೊಂದು ಗುಂಪಿಗೆ ಆಗಲೇ ಬೇಜಾರು. ಇಬ್ಬರೂ ಮಾತಿಗೆ ಇಳಿಯುತ್ತಾರೆ.

ಕೋಲಿನ ಮಾತು. ಅದೇ ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾನೂನು ಹಾಗಿರಲಿ, ನಿಮ್ಮ ಬಳಿ ತಂದೆ ತಾಯಿಯೇ ಬಂದು ‘ಅಕ್ಕೋರ, ನಾಕು ಏಟು ಹಾಕ್ರಿ, ನಾವೇನೂ ಅನ್ನಂಗಿಲ್ಲ’ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ನಂಬಿಕೆಯಿಂದಲೇ ಹೇಳುತ್ತಾರೆ. ಅವರಿಗೆ ಭಾಷಣ ಬೇಡ. ಮಗುವಿನ ನೋಟ್‌ಬುಕ್ ತೆರೆದು ‘ಇಲ್ಲಿ ತಪ್ಪುತ್ತಿದೆ, ಈ ವಾರ ಇದನ್ನು ಹೇಳಿಕೊಡುತ್ತೇನೆ’ ಅಂತ ತೋರಿಸಿ. ಏಟಿಗೆ ಹೆದರಿದ ಮಗು ಎಲ್ಲಿ ತಿಳಿದಿಲ್ಲ ಅನ್ನೋದನ್ನ ಬಾಯಿ ಬಿಟ್ಟು ಹೇಳುವುದೇ ಇಲ್ಲ. ಪಕ್ಕದವಳದ್ದನ್ನು ನೋಡಿ ಬರೆಯುತ್ತದೆ. ಆಮೇಲೆ ನಮಗೆ ಹಿಡಿಯಲು ತಪ್ಪೂ ಸಿಗುವುದಿಲ್ಲ.

ತಪ್ಪು ಸಿಗುವುದು ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮಕ್ಕಳಿಗೆ ‘ನೂರಾ ಐದು’ ಬರೆಯಲು ಹೇಳಿ. ತರಗತಿಯಲ್ಲಿ ಕೆಲವರಾದರೂ 1005 ಬರೆಯುತ್ತಾರೆ. ತಕ್ಷಣ ಕೆಂಪು ಗೆರೆ ಎಳೆಯಬೇಡಿ. ‘ಹೆಂಗ ಬರದಿ, ಹೇಳು’ ಅಂತ ಕೇಳಿ. ನನ್ನ ತರಗತಿಯ ಹುಡುಗಿಯೊಬ್ಬಳು ಬೆರಳಿಟ್ಟು ತೋರಿಸಿದಳು: ‘ನೂರಾ ಅಂದ್ರ ಇದುರೀ,’ ಅಂತ 100ರ ಮೇಲೆ, ‘ಐದು ಅಂದ್ರ ಇದುರೀ,’ ಅಂತ ಕೊನೆಯ 5ರ ಮೇಲೆ. ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದಾಳೆ. ಬುದ್ಧಿ ಓಡಿದೆ. ಅವಳಿಗೆ ಗೊತ್ತಿಲ್ಲದ್ದು ಒಂದೇ, ಅಂಕಿ ನಿಂತ ಜಾಗಕ್ಕೂ ಬೆಲೆ ಇದೆ ಅನ್ನೋದು. ಇದನ್ನು ಬಾಯಲ್ಲಿ ಹತ್ತು ಸಲ ಹೇಳಿದರೂ ಹತ್ತುವುದಿಲ್ಲ. ರಟ್ಟಿನ ಮೂರು ಪಟ್ಟಿ ಕತ್ತರಿಸಿ. ಉದ್ದದ ಪಟ್ಟಿಯಲ್ಲಿ 100, ಅದಕ್ಕಿಂತ ಗಿಡ್ಡದರಲ್ಲಿ 20, ಎಲ್ಲಕ್ಕಿಂತ ಚಿಕ್ಕದರಲ್ಲಿ 5. ಪಟ್ಟಿಗಳ ಬಲತುದಿ ಒಂದಕ್ಕೊಂದು ಸರಿಯಾಗಿ ಕೂರುವಂತೆ 5ನ್ನು 100ರ ಮೇಲೆ ಇಡಲು ಹೇಳಿ. ಕೊನೆಯ ಸೊನ್ನೆ ಮುಚ್ಚಿ 105 ಕಾಣುತ್ತದೆ. ನಡುವೆ 20 ಇಟ್ಟರೆ 125. ಐದು ತೆಗೆದರೆ ಅಡಗಿದ್ದ ಸೊನ್ನೆ ಮತ್ತೆ ಬರುತ್ತದೆ. ಬೇರೆ ಸಂಖ್ಯೆಗಳ ಪಟ್ಟಿಯನ್ನೂ ಹೀಗೇ ಮಾಡಿಕೊಟ್ಟರೆ, ಇದನ್ನು ಕೈಯಾರೆ ಮಾಡಿದ ಮಕ್ಕಳು ನೂರಾ ಏಳು, ನೂರಾ ನಲವತ್ತು, ಇನ್ನೂರಾ ಮೂರು ಅಂತ ತಾವೇ ಹೇಳಿಕೊಂಡು ಪಟ್ಟಿ ಜೋಡಿಸುತ್ತಾರೆ. ಆಗ ಕೋಣೆಯಲ್ಲಿ ಸದ್ದು ಇರುತ್ತದೆ. ಆ ಸದ್ದನ್ನು ನಿಲ್ಲಿಸಬೇಡಿ.

ಕಳೆಯುವ ಲೆಕ್ಕವೂ ಹೀಗೇ. 50ರಲ್ಲಿ 37 ಕಳೆ ಅಂದರೆ ಕೆಲವರು 27 ಬರೆಯುತ್ತಾರೆ. ಸೊನ್ನೆಯಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲಿ ಸೊನ್ನೆ ಕಳೆದಿರುತ್ತಾರೆ. ಹಾಗೆ ಬರೆದವನನ್ನೇ ಕೇಳಿ: ‘ಸಂತ್ಯಾಗ 37 ರೂಪಾಯಿದ್ದು ಉಳ್ಳಾಗಡ್ಡಿ ತಗೊಂಡ್ರು, 50ರ ನೋಟು ಕೊಟ್ರು. ಎಷ್ಟು ವಾಪಸ್ ಕೊಡ್ತಿ?’ ಅವ್ವನ ಜೊತೆ ಸಂತೆಯಲ್ಲಿ ಕೂತು ಅಭ್ಯಾಸ ಇರುವ ಹುಡುಗ ತಡವರಿಸದೆ ಹೇಳುತ್ತಾನೆ: ‘ಮೂರು ಕೊಟ್ರ ನಲವತ್ತು, ಮ್ಯಾಲ ಹತ್ತು. ಹದಿಮೂರುರೀ.’ ಲೆಕ್ಕ ಅವನಿಗೆ ಬರುತ್ತದೆ, ಪುಸ್ತಕದ ರೀತಿ ಬರುವುದಿಲ್ಲ. ಅವನ ರೀತಿಯನ್ನೇ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಹತ್ತು ಬಿಡಿಸಿ ಕಳೆಯುವುದನ್ನು ತೋರಿಸಿದರೆ ಎರಡೂ ಒಂದೇ ಅಂತ ಗೊತ್ತಾಗುತ್ತದೆ. ಅವತ್ತಿನಿಂದ ಆ ಹುಡುಗ ಹಿಂದಿನ ಬೆಂಚಿನಲ್ಲಿ ಗಲಾಟೆ ಮಾಡುವುದು ಕಡಿಮೆಯಾದರೆ ಆಶ್ಚರ್ಯ ಪಡಬೇಡಿ.

ಪಾಠದ ನಡುವೆ ‘ತಿಳೀತಾ?’ ಅಂತ ಕೇಳುವ ರೂಢಿ ಎಲ್ಲರಿಗೂ ಇದೆ. ‘ಹೂಂರೀ’ ಅಂತ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ. ಆ ಹೂಂನಿಂದ ಏನೂ ಗೊತ್ತಾಗುವುದಿಲ್ಲ. ಅದರ ಬದಲು ಪಾಟಿಯ ಮೇಲೆ ಉತ್ತರ ಬರೆದು ಎಲ್ಲರೂ ಒಟ್ಟಿಗೆ ಎತ್ತಿ ಹಿಡಿಯಲಿ. ಯಾರಿಗೆ ಬಂದಿದೆ, ಯಾರು ಪಕ್ಕಕ್ಕೆ ಇಣುಕಿದರು, ಒಂದು ನೋಟಕ್ಕೆ ಕಾಣುತ್ತದೆ. ಇನ್ನು ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಅಮೆರಿಕದ ಮೇರಿ ಬಡ್ ರೋ ಅನ್ನುವ ವಿಜ್ಞಾನ ಶಿಕ್ಷಣ ತಜ್ಞೆ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡ್ ಕಾಯುತ್ತಿದ್ದದ್ದು ಕಂಡಿತು. ಮೂರು ಸೆಕೆಂಡ್ ಅಥವಾ ಇನ್ನೂ ಸ್ವಲ್ಪ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಎಂದೂ ಬಾಯಿ ತೆರೆಯದ ಮಕ್ಕಳೂ ಮಾತಾಡಿದರು. ಮೂರು ಸೆಕೆಂಡ್ ಕೇಳೋಕೆ ಸಣ್ಣದು. ತರಗತಿ ಮುಂದೆ ನಿಂತಾಗ ಬಹಳ ಉದ್ದ ಅನ್ನಿಸುತ್ತದೆ. ಮನಸ್ಸಿನಲ್ಲೇ ಎಣಿಸಿ.

ನಿಮ್ಮ ಕಡೆ ಹೆಸರುಕಾಯಿ ಬಿಡಿಸುವಾಗ, ಉಳ್ಳಾಗಡ್ಡಿ ಕೀಳುವಾಗ, ನಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿ ಬಿಡಿಸುವಾಗ ಹಾಜರಿ ಇಳಿಯುತ್ತದೆ. ತಮ್ಮನನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಪಂಚಮಿ, ಊರ ಜಾತ್ರೆ ಬೇರೆ. ನಾಲ್ಕು ದಿನ ಬಿಟ್ಟು ಬಂದ ಮಗುವಿಗೆ ‘ಎಲ್ಲಿ ಹೋಗಿದ್ದಿ?’ ಅಂತ ಎಲ್ಲರ ಮುಂದೆ ಕೇಳಿದರೆ ಮರುದಿನ ಮತ್ತೆ ಬರುವುದಿಲ್ಲ. ತಪ್ಪಿದ ದಿನಗಳ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದಿಡಿ, ಬಂದ ಕೂಡಲೇ ಅದನ್ನು ಕೈಗಿಡಿ, ಜೊತೆಗೆ ಒಬ್ಬ ಗೆಳತಿಯನ್ನು ಕೂರಿಸಿ. ನಲಿ-ಕಲಿ ಏಣಿಯಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಿತ್ತಲ್ಲ, ಅದೇ ಅನುಕೂಲ ಇಲ್ಲೂ ಬೇಕು.

ದಾಖಲೆ ಕೆಲಸದ ಬಗ್ಗೆ ಒಂದೇ ಮಾತು. ಮಕ್ಕಳ ವಿವರ ಕಂಪ್ಯೂಟರಿಗೆ ತುಂಬುವ ಸ್ಯಾಟ್ಸ್, ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಲೆಕ್ಕ ಹೊಸಬರ ತಲೆಗೇ ಬರುತ್ತದೆ. ಮಾಡಿ, ಆದರೆ ಪಾಠದ ಪಿರಿಯಡ್‌ನಲ್ಲಿ ಬೇಡ. ಮುಖ್ಯೋಪಾಧ್ಯಾಯರ ಹತ್ತಿರ ಮೊದಲೇ ಮಾತಾಡಿ ಅದಕ್ಕೆ ಹೊತ್ತು ಕೇಳಿಕೊಳ್ಳಿ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಬಿತ್ತುವ ಮೊದಲು ರೈತ ಮಣ್ಣು ಹಿಡಿದು ಹಸಿ ನೋಡುವ ಹಾಗೆ, ಮೊದಲು ಪ್ರತಿ ಮಗುವಿನ ಓದು ನೋಡಿ. ಒಂದು ಹಾಳೆಯಲ್ಲಿ ಕೆಲವು ಅಕ್ಷರ, ಕೆಲವು ಚಿಕ್ಕ ಪದ, 1ನೇ ತರಗತಿ ಮಟ್ಟದ ನಾಲ್ಕು ಸಾಲು, 2ನೇ ತರಗತಿ ಮಟ್ಟದ ಒಂದು ಕತೆ ಬರೆದುಕೊಳ್ಳಿ. ಉಳಿದವರಿಗೆ ಚಿತ್ರ ಬಿಡಿಸಲು ಕೊಟ್ಟು ಒಬ್ಬೊಬ್ಬರನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಒಬ್ಬರಿಗೆ ಮೂರು ನಿಮಿಷ ಅಂದರೂ 30 ಮಕ್ಕಳಿಗೆ ಒಂದೂವರೆ ಗಂಟೆ. ದಿನಕ್ಕೆ ಐದಾರು ಮಕ್ಕಳಂತೆ ಒಂದು ವಾರದಲ್ಲಿ ಮುಗಿಯುತ್ತದೆ. ಯಾರ ಎದುರೂ ಮಟ್ಟದ ಹೆಸರು ಹೇಳಬೇಡಿ, ನಿಮ್ಮ ಡೈರಿಯಲ್ಲಿ ಮಾತ್ರ ಇರಲಿ. ‘ಓದು ಕರ್ನಾಟಕ’ ಕಾರ್ಯಕ್ರಮದಲ್ಲಿ 4, 5ನೇ ತರಗತಿ ಮಕ್ಕಳನ್ನು ಗುಂಪು ಮಾಡುವುದೂ ಓದುವ ಮಟ್ಟ ನೋಡಿಯೇ. ನಿಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರನ್ನು ಕೇಳಿದರೆ ಅದರ ಸಾಮಗ್ರಿ ಸಿಗಬಹುದು.

ಓದಿಸುವಾಗ ಮಗು ತಡೆದರೆ ತಿದ್ದಬೇಡಿ, ಎಲ್ಲಿ ತಡೆಯಿತು ಅಂತ ಗುರುತು ಮಾಡಿಕೊಳ್ಳಿ. ಒತ್ತಕ್ಷರದಲ್ಲಿ ಎಡವುವವರೇ ಜಾಸ್ತಿ ಸಿಗುತ್ತಾರೆ. ಅವರೆಲ್ಲ ಒಂದು ಗುಂಪು. ಅಕ್ಷರವೇ ಗುರುತು ಸಿಗದವರು ಇನ್ನೊಂದು ಗುಂಪು, ಅವರ ಜೊತೆ ನೀವೇ ಕೂರಬೇಕು. ಕತೆಯನ್ನು ಸಲೀಸಾಗಿ ಓದಿದವರಿಗೆ ಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಕತೆ ಪುಸ್ತಕಗಳನ್ನು ಹೊರಗೆ ತೆಗೆದು ಕೊಡಿ. ಹರಿದರೆ ಹರಿಯಲಿ. ಶನಿವಾರ ಹೇಗೂ ಮುಂಜಾನೆ ಶಾಲೆ, ಈ ಗುಂಪು ಕೆಲಸ ಅವತ್ತೇ ಶುರು ಮಾಡಬಹುದು.